ಮಾತಾಡದ ಬೀಗದವನ ಪ್ರಕರಣ

ಸರ್ಕಾರ ಪ್ರಜೆಗಳ ಫೋನನ್ನು ಕದ್ದು ಕೇಳುತ್ತಿದೆ ಎಂಬ ಆರೋಪದಲ್ಲಿ ಹುರುಳಿಲ್ಲ. ಕದ್ದು ಕೇಳುವುದನ್ನು ಸಾರ್ವಜನಿಕ ಆಲಿಕೆ ಇಲಾಖೆ ಎಂದೋ ನಿಲ್ಲಿಸಿತ್ತು. ಈಗ ಅದು ದೊಡ್ಡ ರಸ್ತೆಯಲ್ಲಿ ಬೋರ್ಡು ಹಾಕಿಕೊಂಡು, ಬಾಗಿಲು ತೆರೆದಿಟ್ಟು, ರಾಜಾರೋಷವಾಗಿ ಕೇಳುತ್ತಿತ್ತು. ಬೋರ್ಡಿನ ಕೆಳಗೆ ‘ನೀವು ಹೇಳಿ, ನಾವಿದ್ದೇವೆ’ ಎಂದು ಬರೆಸಿದ್ದರು. ಫೋನು ಜೇಬಿನಲ್ಲಿರಲಿ, ದಿಂಬಿನ ಪಕ್ಕದಲ್ಲಿರಲಿ, ಆಫ್ ಆಗಿಯೇ ಇರಲಿ, ಅದರ ಕಿವಿ ಮಾತ್ರ ಮುಚ್ಚುತ್ತಿರಲಿಲ್ಲ. ಜನ ಮೊದಮೊದಲು ಪಿಸುಗುಟ್ಟಿದರು. ಪಿಸುಮಾತು ಸಿಬ್ಬಂದಿಯ ಕಿವಿಗೆ ಶ್ರಮ ಕೊಡುತ್ತದೆ, ದಯವಿಟ್ಟು ಸಹಕರಿಸಿ ಎಂದು ಇಲಾಖೆ ಪ್ರಕಟಣೆ ಹೊರಡಿಸಿತು. ಅಂದಿನಿಂದ ಎಲ್ಲರೂ ಗಂಟಲು ಸರಿಮಾಡಿಕೊಂಡು ಮಾತಾಡುತ್ತಿದ್ದರು.

ಎಲ್ಲರೂ ಎಂದರೆ, ಬೀಗದವನೊಬ್ಬನನ್ನು ಬಿಟ್ಟು.

ಬೀಗದವನ ಅಂಗಡಿ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಅಲ್ಲಿ ನೆಟ್ಟಗೆ ನಿಲ್ಲುವುದಕ್ಕೆ ಆಗುತ್ತಿರಲಿಲ್ಲ, ಅವನು ನಿಲ್ಲುತ್ತಲೂ ಇರಲಿಲ್ಲ. ಮುಂದೆ ಬಾಗಿ ಕೂತು ಹಿತ್ತಾಳೆಯ ಮೇಲೆ ಅರ ಉಜ್ಜುತ್ತಿದ್ದ. ಯಾವ ಮನೆಯಾಕೆ ಗಂಡ ಊರಿಗೆ ಹೋದ ದಿನ ಬೀಗ ಬದಲಾಯಿಸಿದಳು, ಯಾವ ಮಗ ಅಪ್ಪನ ಬೀರುವಿಗೆ ಇನ್ನೊಂದು ಕೀಲಿ ಮಾಡಿಕೊಡು ಅಂತ ಬಂದಿದ್ದ, ಎಲ್ಲ ಅವನ ಹೊಟ್ಟೆಯಲ್ಲಿತ್ತು. ಅಲ್ಲಿಂದ ಆಚೆ ಬಂದದ್ದಿಲ್ಲ. ಹೀಗೆ ಬಾಯಿ ಕಟ್ಟಿ ದುಡಿದವನಿಗೆ ಮನೆಗೆ ಬಂದ ಮೇಲೂ ಬಾಯಿ ಬಿಚ್ಚುವುದು ಮರೆತುಹೋಗಿತ್ತು. ಹೆಂಡತಿ ಬೇಕರಿಯಲ್ಲಿ ಗಲ್ಲಾದ ಪಕ್ಕ ನಿಂತು ಬ್ರೆಡ್ಡು ಕಟ್ಟಿಕೊಡುವ ಕೆಲಸ ಮಾಡುತ್ತಿದ್ದಳು. ಇಬ್ಬರೂ ಊಟಕ್ಕೆ ಎದುರುಬದುರು ಕೂರುತ್ತಿದ್ದರು. ಉಪ್ಪು ಬೇಕೆಂದರೆ ಕೈ ಚಾಚುತ್ತಿದ್ದರು.

ಒಂದು ದಿನ ಅವನಿಗೆ ಇಲಾಖೆಯಿಂದ ಸೂಚನೆ ಬಂತು: ‘ತಮ್ಮ ಸಂಖ್ಯೆಯಿಂದ ಸಮರ್ಪಕವಾಗಿ ಮಾತು ಸರಬರಾಜಾಗುತ್ತಿಲ್ಲ. ಖುದ್ದು ಹಾಜರಾಗಿ ಕಾರಣ ತಿಳಿಸತಕ್ಕದ್ದು.’

ಕಚೇರಿಯ ಬಾಗಿಲಲ್ಲಿ ಫೋನು ಇಸಿದುಕೊಂಡರು. ‘ಒಳಗೆ ಮೊಬೈಲ್ ನಿಷೇಧ, ನಮ್ಮ ಸಿಬ್ಬಂದಿಯ ಖಾಸಗಿತನ ಗೌರವಿಸಿ’ ಎಂದು ಗೋಡೆಯ ಮೇಲಿತ್ತು. ಒಳಗೆ ಉಪ ನಿರ್ದೇಶಕಿ ಕೂತಿದ್ದರು. ಅವರ ಪಕ್ಕದಲ್ಲಿ, ಹೆಡ್‌ಫೋನ್ ಹಾಕಿ ಹಾಕಿ ಕಿವಿ ಕೆಂಪಾಗಿದ್ದ ಒಬ್ಬ ಆಲಿಕೆ ಗುಮಾಸ್ತ ನಿಂತಿದ್ದ. ಬೀಗದವನ ಮನೆಯನ್ನು ಕೇಳುವ ಕೆಲಸ ಅವನದು.

“ಯಾಕೆ ಮಾತಾಡ್ತಿಲ್ಲ ನೀವು?” ಎಂದರು ಮೇಡಂ.

“ಮಾತಾಡೋಕೆ ಏನೂ ಇಲ್ಲ ಮೇಡಂ.”

“ಏನೂ ಇಲ್ಲದವರು ಊರು ತುಂಬ ಇದ್ದಾರೆ. ಅವರೆಲ್ಲ ಬಾಯಿ ಮುಚ್ಚದೆ ಮಾತಾಡ್ತಿಲ್ವಾ?”

ಗುಮಾಸ್ತನಿಗೆ ತಡೆಯಲಾಗಲಿಲ್ಲ. “ಸಾರ್, ನಿಮ್ಮ ಕಡೆಯಿಂದ ನನಗೆ ಬರೋದು ಬರೀ ಕರ್ ಕರ್ ಅಂತ ಅರದ ಸದ್ದು. ಅದನ್ನ ಏನಂತ ಬರೀಲಿ? ನನ್ನ ಜೊತೆ ಕೆಲಸಕ್ಕೆ ಸೇರಿದವನಿಗೆ ಒಂದು ಅತ್ತೆ-ಸೊಸೆ ಮನೆ ಸಿಕ್ತು. ಜಗಳ ಅಂದ್ರೆ ಜಗಳ. ಅವನಿಗೆ ಆಗಲೇ ಬಡ್ತಿ ಆಗಿದೆ. ನನಗೆ ಕಿವಿಯಲ್ಲಿ ಗುಂಯ್ ಅನ್ನೋದೊಂದೇ ಲಾಭ.”

“ಬೀಗದ ಕಸುಬಲ್ಲಿ ಬಾಯಿ ಬಿಡೋ ಹಾಗಿಲ್ಲಪ್ಪ.”

“ಕಸುಬು ಬಿಡಿ. ಮನೆಯವರ ಹತ್ತಿರ?”

“ಅವಳಿಗೆ ಹೇಳೋದೆಲ್ಲ ಹೇಳಿ ಮುಗಿದಿದೆ.”

“ಮುಗಿದಿದ್ರೆ ಅವರ್ಯಾಕೆ ಬೇಕರಿ ಮೇಲಿನ ಕೋಣೇನ ಬಾಡಿಗೆಗೆ ಕೇಳಿದ್ದಾರೆ?” ಎಂದು ಗುಮಾಸ್ತ ಅಂದೇಬಿಟ್ಟ.

ಬೀಗದವನು ಗುಮಾಸ್ತನ ಮುಖ ನೋಡಿದ, ಮೇಡಂ ಮುಖ ನೋಡಿದ. ಹೆಂಡತಿ ಅವಳ ಅಕ್ಕನ ಜೊತೆ ದಿನಾ ಫೋನಿನಲ್ಲಿ ಮಾತಾಡುತ್ತಾಳೆಂದು ಅವನಿಗೆ ಗೊತ್ತಿತ್ತು. ಏನು ಮಾತಾಡುತ್ತಾಳೆಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿದವನು ಇಲ್ಲಿ, ಕೆಂಪು ಕಿವಿ ಹೊತ್ತು ನಿಂತಿದ್ದ.

ಮೇಡಂ ಕನ್ನಡಕ ತೆಗೆದಿಟ್ಟರು. “ಇದು ಗಂಭೀರ ಲೋಪ. ಹೆಂಡತಿ ಆಡಿದ ಮಾತನ್ನ ಗಂಡನಿಗೆ ತಿಳಿಸೋದು ಪ್ರಜೆಯ ಖಾಸಗಿತನದ ಉಲ್ಲಂಘನೆ. ಇಲಾಖೆ ಅದನ್ನ ಸಹಿಸೋದಿಲ್ಲ. ಬಲಗೈ ಎತ್ತಿ.”

ಬೀಗದವನು ಎತ್ತಿದ.

“ಈಗ ಏನು ಕೇಳಿಸ್ಕೊಂಡ್ರಿ?”

“ನನ್ನ ಹೆಂಡತಿ ಕೋಣೆ...”

“ಏನು ಕೇಳಿಸ್ಕೊಂಡ್ರಿ ಅಂದೆ.”

“...ಏನೂ ಇಲ್ಲ.”

“ಇದನ್ನ ಹೆಂಡತಿಗೆ ಹೇಳಿದ್ರೆ ಸರ್ಕಾರಿ ಗುಟ್ಟು ಬಯಲು ಮಾಡಿದ ಹಾಗೆ. ಇನ್ನು ಮನೆಗೆ ಹೋಗಿ ಚೆನ್ನಾಗಿ ಮಾತಾಡಿ. ಒಳ್ಳೇದಾಗಲಿ.”

ಅವನು ಹೊರಟಾಗ ಗುಮಾಸ್ತ ಬಾಗಿಲವರೆಗೂ ಬಂದ. “ಸಾರ್, ಸ್ವಲ್ಪ ಉದ್ದುದ್ದ ವಾಕ್ಯ ಆಡಿ” ಎಂದು ಬೇಡಿಕೊಂಡ.

ಆ ಸಂಜೆ ಬೀಗದವನು ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿ ಊಟಕ್ಕೆ ಕೂತ. ಹೆಂಡತಿ ಬಡಿಸಿದಳು. ಅವನು ಕೆಮ್ಮಿದ.

“ಇವತ್ತು ಒಂದು ಬೀಗ ಬಂದಿತ್ತು.”

ಅವಳ ಕೈ ಸೌಟಿನ ಸಮೇತ ನಿಂತುಹೋಯಿತು. “ಯಾಕ್ರೀ, ಮೈ ಸರಿ ಇಲ್ವಾ?”

“ಸರಿಯಾಗೇ ಇದ್ದೀನಿ. ಮಾತಿಗೆ ಹೇಳ್ತೀನಿ, ಯಾರಾದರೂ ಹೊಸದಾಗಿ ಒಂದು ಕೋಣೆ ಹಿಡಿದ್ರೆ ಮೊದಲು ಬೀಗ ಬದಲಾಯಿಸಬೇಕು. ಹಳೇ ಕೀಲಿ ಎಷ್ಟು ಜನರ ಹತ್ತಿರ ಇರುತ್ತೋ ಏನೋ. ಅದರಲ್ಲೂ ಒಬ್ಬಳೇ ಹೆಂಗಸು ಇರೋ ಹಾಗಿದ್ರೆ ಒಳಗಡೆ ಒಂದು ಗಟ್ಟಿ ಚಿಲಕ ಬೇಕೇ ಬೇಕು.”

ಮದುವೆಯಾದಾಗಿನಿಂದ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಅವಳು ಮೆಲ್ಲಗೆ ಕೂತಳು.

“ಯಾರು ಹೇಳಿದ್ದು ನಿಮಗೆ? ಅಕ್ಕನಾ?”

“ನನಗೇನೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಕೈ ಎತ್ತಿ ಬಂದಿದ್ದೀನಿ.”

ಅವಳು ಜಗ್ಗಿಗೆ ಒರಗಿ ನಿಂತ ಫೋನನ್ನು ನೋಡಿದಳು. “ಓ, ಇವರಾ” ಎಂದಳು. ಸೌಟು ಕೆಳಗಿಟ್ಟಳು.

“ಊರಿಗೆಲ್ಲ ಗೊತ್ತಾದ ಮೇಲೆ ನಿಮಗೂ ಹೇಳಿಬಿಡ್ತೀನಿ. ಬೇಕರಿಯಲ್ಲಿ ದಿನವಿಡೀ ಕಂಡೋರನ್ನೆಲ್ಲ ಏನು ಬೇಕು, ಏನು ಬೇಕು ಅಂತ ಕೇಳ್ತೀನಿ. ಮನೆಗೆ ಬಂದ್ರೆ ನನ್ನನ್ನ ಹಾಗೆ ಕೇಳೋರಿಲ್ಲ. ಒಬ್ಬಳೇ ಇದ್ರೆ ಯಾರೂ ಇಲ್ಲ ಅಂತಾದರೂ ಗೊತ್ತಿರುತ್ತೆ. ಇಲ್ಲಿ ನೀವು ಎದುರಿಗೇ ಇರ್ತೀರಿ. ಆಮೇಲೆ...” ಅವಳ ದನಿ ಇಳಿದು ಹೋಯಿತು.

ಫೋನು ರಿಂಗಾಯಿತು. ಬೀಗದವನು ಸ್ಪೀಕರಿಗೆ ಹಾಕಿದ.

“ಅಮ್ಮಾ, ಕ್ಷಮಿಸಿ, ಇಲಾಖೆಯಿಂದ” ಎಂದ ಗುಮಾಸ್ತ. “ಆಮೇಲೆ ಅಂದಿರಲ್ಲ, ಅದರ ಮುಂದಿನದು ಸರಿಯಾಗಿ ಕೇಳಿಸಲಿಲ್ಲ. ಸ್ವಲ್ಪ ಹತ್ತಿರ ಬಂದು ಹೇಳ್ತೀರಾ?”

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದಕ್ಕೆ ಬಾಗಿದಳು. “ಎದುರಿಗೆ ಇದ್ದೂ ಇಲ್ಲದ ಹಾಗೆ ಅನ್ಸುತ್ತೆ ಅಂದೆ ಕಣಪ್ಪ.”

“ಥ್ಯಾಂಕ್ಸ್ ಅಮ್ಮಾ. ಮುಂದುವರಿಸಿ.”

ಮುಂದುವರಿಯಿತು. ಅವಳಿಗೆ ಹೇಳುವುದು ಬೆಟ್ಟದಷ್ಟಿತ್ತು. ಬೇಕರಿಗೆ ಬರುವವರ ಚೌಕಾಸಿ, ತನ್ನ ಮೊಣಕಾಲು ನೋವು, ಅಕ್ಕನ ಕೊಂಕು, ಎಲ್ಲವೂ ಪ್ರತಿ ಸಂಜೆ ಜಗ್ಗಿನ ಮುಂದೆ ಹರಿದವು. ಬೀಗದವನು ಹೂಂಗುಟ್ಟುವುದು ಕಲಿತ. ಆದರೆ ಅವನು ಹೂಂ ಅನ್ನುವುದರೊಳಗೆ ಗುಮಾಸ್ತನ ಮೆಸೇಜು ಬಂದಿರುತ್ತಿತ್ತು: ‘ಆ ಮುದುಕ ಬ್ರೆಡ್ಡು ವಾಪಸ್ ತಂದನಾ ಅಮ್ಮಾ?’ ಅವಳು ನಗುತ್ತ ಫೋನಿನ ಕಡೆ ತಿರುಗಿ ಉತ್ತರ ಕೊಡುತ್ತಿದ್ದಳು. ಮೊಣಕಾಲಿಗೆ ಯಾವ ಎಣ್ಣೆ ಒಳ್ಳೆಯದೆಂದು ತಿಳಿಸಿದ್ದೂ ಇಲಾಖೆಯೇ. ಕೋಣೆಯ ವಿಚಾರವನ್ನು ಮಾತ್ರ ಅವಳು ಬಿಟ್ಟಿರಲಿಲ್ಲ.

ಬೀಗದವನಿಗೆ ಅವಳಿಗೆ ಹೇಳಬೇಕಾದ ಒಂದು ಮಾತಿತ್ತು. ಅದನ್ನು ಮೂರನೆಯವನ ಎದುರು ಆಡಲು ಅವನಿಂದ ಆಗುತ್ತಿರಲಿಲ್ಲ. ಎಷ್ಟೋ ಸಲ ಬಾಯಿ ತೆರೆದ, ಫೋನು ನೋಡಿದ, ಅನ್ನ ಕಲಸಿದ. ಕೊನೆಗೆ ಅವಳಿಗೆ ರಜೆಯಿದ್ದ ಒಂದು ಮಧ್ಯಾಹ್ನ, ಬೇಕರಿಯ ಮುಂದೆ ಕಾಯಲು ಹೇಳಿ, ಅವಳ ಫೋನನ್ನೂ ತನ್ನ ಫೋನನ್ನೂ ತೆಗೆದುಕೊಂಡು ಅಂಗಡಿಗೆ ಹೋದ. ಅಲ್ಲಿ ರಿಪೇರಿಗೆ ಬಂದಿದ್ದ ದಪ್ಪ ಕಬ್ಬಿಣದ ತಿಜೋರಿಯೊಳಗೆ ಎರಡನ್ನೂ ಇಟ್ಟು ಬಾಗಿಲು ಜಡಿದ.

ಬೇಕರಿಯ ಮುಂದೆ ಅವಳು ಕಾಯುತ್ತಿದ್ದಳು. “ಎಲ್ಲಿಗ್ರೀ?”

“ಆ ಕೋಣೆಯ ಬೀಗ ನೋಡೋಣ ಬಾ.”

ಕೋಣೆಯಲ್ಲಿ ಕುರ್ಚಿ ಇರಲಿಲ್ಲ, ಮೂಲೆಯಲ್ಲಿ ಮೈದಾ ಮೂಟೆಗಳಿದ್ದವು. ಕೆಳಗಿನ ಒಲೆಯಿಂದ ನೆಲ ಬೆಚ್ಚಗಾಗಿತ್ತು. ಅವನು ಬೀಗ ಬಿಚ್ಚಿದ, ತುಕ್ಕು ಕೆರೆದ, ಎಣ್ಣೆ ಬಿಟ್ಟ, ಮತ್ತೆ ಜೋಡಿಸಿದ. ಜೋಡಿಸಿದ್ದನ್ನು ಇನ್ನೊಮ್ಮೆ ಬಿಚ್ಚಿದ. ಅವಳು ಮೂಟೆಗೆ ಒರಗಿ ಕೂತು ಕಾದಳು. ಆಮೇಲೆ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, ಅವಳ ಪಕ್ಕದಲ್ಲಿ ಹೋಗಿ ಕೂತು, ಬಾಯಿ ತೆರೆದ. ಅವನು ಆಡಿದ್ದು, ಅವಳು ಆಡಿದ್ದು ಯಾರಿಗೂ ಕೇಳಿಸಿಲ್ಲವಾದ್ದರಿಂದ ಇಲ್ಲಿ ಬರೆಯುವಂತಿಲ್ಲ. ಕೆಳಗೆ ಸಂಜೆಯ ಬ್ರೆಡ್ಡು ಬೆಂದು ಅಂಗಡಿಗೆ ಬಂದಾಗ ಇಬ್ಬರೂ ಮೆಟ್ಟಿಲಿಳಿದರು. ಇಬ್ಬರ ಬೆನ್ನಿಗೂ ಹಿಟ್ಟು ಮೆತ್ತಿತ್ತು. ಅವಳ ಕಣ್ಣು ಊದಿತ್ತು, ಮುಖ ಅರಳಿತ್ತು. ಕೋಣೆ ಬೇಡವೆಂದು ಅವಳು ಬೇಕರಿಯ ಯಜಮಾನನಿಗೆ ಅಲ್ಲೇ ಹೇಳಿಬಿಟ್ಟಳು.

ಅವಳು ಹೇಳಿದ್ದು ಯಜಮಾನನ ಜೇಬಿನ ಫೋನಿಗೂ ಕೇಳಿಸಿತ್ತು. ಮರುದಿನವೇ ಕಚೇರಿಗೆ ಬರಬೇಕೆಂದು ಬೀಗದವನಿಗೆ ಕರೆ ಬಂತು.

“ನಿನ್ನೆ ಮಧ್ಯಾಹ್ನ ನೀವಿಬ್ಬರೂ ಮಾತಾಡಿದ್ದೀರಿ” ಎಂದರು ಮೇಡಂ. “ಆ ಮಾತು ಇಲಾಖೆಗೆ ತಲುಪಿಲ್ಲ. ಅದನ್ನ ವಾಪಸ್ ಮಾಡಿ.”

“ಹೇಗೆ ಮೇಡಂ?”

“ಆಡಿದ್ದನ್ನ ಇಲ್ಲಿ ಇನ್ನೊಮ್ಮೆ ಆಡಿ. ಅಷ್ಟೇ.”

“ಆಡೋದಿಲ್ಲ.”

“ಅದರಲ್ಲಿ ಸರ್ಕಾರದ ವಿರುದ್ಧ ಏನಾದರೂ ಇತ್ತಾ?”

“ಸರ್ಕಾರದ ನೆನಪೇ ಇರಲಿಲ್ಲ.”

ಇದು ಇನ್ನೂ ಗಂಭೀರವೆಂದು ಮೇಡಂ ಅಭಿಪ್ರಾಯಪಟ್ಟರು. ಸಂಜೆಯೊಳಗೆ ಬೀಗದವನ ಅಂಗಡಿಗೆ ಇಲಾಖೆಯ ಬೀಗ ಬಿತ್ತು. ಅವನು ಹತ್ತಿರ ಹೋಗಿ ಅದನ್ನು ಎತ್ತಿ ನೋಡಿದ. ಕೂದಲಿನ ಪಿನ್ನು ತೂರಿಸಿದರೆ ತೆರೆಯುವ ಮಾಲು. “ಎಷ್ಟು ಕೊಟ್ರಿ ಇದಕ್ಕೆ?” ಎಂದು ಮರುಕದಿಂದ ಕೇಳಿ ಮನೆಗೆ ಹೋದ. ಊರಿನಲ್ಲಿ ಕೀಲಿ ಕಳೆದುಕೊಂಡವರು ಹೊಸಿಲ ಮೇಲೆ ಕೂತು ಕಾಯತೊಡಗಿದರು. ಮನೆಯಲ್ಲಿ ಡಬ್ಬಿಗಳು ಖಾಲಿಯಾಗುತ್ತ ಬಂದವು. ಅವನು ಬಾಯಿ ಬಿಡಲಿಲ್ಲ.

ಆಗ ಹೆಂಡತಿ ತಾನೇ ಕಚೇರಿಗೆ ಹೋದಳು. “ಅವರಿಗೆ ನಾಚಿಕೆ. ನಾನು ಹೇಳ್ತೀನಿ, ಬರ್ಕೊಳಪ್ಪ” ಎಂದಳು ಗುಮಾಸ್ತನಿಗೆ. ಕಾಲು ಮಡಚಿ ಕೂತು ಶುರುಮಾಡಿದಳು: “ಹಿಟ್ಟನ್ನ ಜಾಸ್ತಿ ನಾದಬಾರದು, ಒದ್ದೆ ಬಟ್ಟೆ ಮುಚ್ಚಿಡಬೇಕು, ಚಳಿಗಾಲದಲ್ಲಿ ಹಿಟ್ಟು ಉಬ್ಬೋಕೆ ಹೊತ್ತು ಹಿಡಿಯುತ್ತೆ...” ಮಧ್ಯಾಹ್ನದ ಊಟದ ಹೊತ್ತಾದರೂ ಹಿಟ್ಟು ಇನ್ನೂ ಒಲೆಗೆ ಹೋಗಿರಲಿಲ್ಲ.

ವಾರಗಟ್ಟಲೆ ಆ ದನಿಯನ್ನು ಕಿವಿಯಲ್ಲಿಟ್ಟುಕೊಂಡಿದ್ದ ಗುಮಾಸ್ತನಿಗೆ ಇದು ಕಟ್ಟುಕತೆಯೆಂದು ಎರಡನೇ ವಾಕ್ಯಕ್ಕೇ ತಿಳಿಯಿತು. ನಿಜ ಹೇಳುವಾಗ ಅವಳು ನಡುವೆ ನಿಲ್ಲಿಸುತ್ತಿದ್ದಳು. ಅವನು ಪೆನ್ನು ಎತ್ತಿ ಅವಳ ಮುಖ ನೋಡಿದ. ಅವಳೂ ನೋಡಿದಳು. ಅವನು ತಲೆ ತಗ್ಗಿಸಿ, ಅಕ್ಷರ ಇನ್ನಷ್ಟು ದುಂಡಗೆ ಮಾಡಿ ಬರೆಯತೊಡಗಿದ.

“ಇದರಲ್ಲಿ ಗಂಡನ ಮಾತೇ ಇಲ್ವಲ್ಲ?” ಎಂದರು ಮೇಡಂ.

“ಅವರು ಹೂಂ ಅಂತಿದ್ರು.”

ಪ್ರತಿ ವಾಕ್ಯದ ಕೊನೆಗೂ ಒಂದು ಹೂಂ ಸೇರಿಸಲಾಯಿತು. ಇಲಾಖೆಯ ಇತಿಹಾಸದಲ್ಲೇ ಇಷ್ಟು ಉದ್ದದ, ಇಷ್ಟು ನಿರಪಾಯದ ಸಂಭಾಷಣೆ ದಾಖಲಾಗಿರಲಿಲ್ಲ. ಗುಮಾಸ್ತನಿಗೆ ಬಡ್ತಿ ಸಿಕ್ಕಿತು. ಅಂಗಡಿಯ ಬೀಗ ತೆಗೆಯಲು ಇಲಾಖೆಯವರು ಬಂದಾಗ ಕೀಲಿ ಎಲ್ಲೋ ಕಳೆದುಹೋಗಿತ್ತು. ಬೀಗದವನೇ ತೆಗೆದುಕೊಟ್ಟು ಕೂಲಿ ಪಡೆದ.

ಮೇಡಂ ಈ ಪ್ರಕರಣದಿಂದ ಪಾಠ ಕಲಿತು ಮೇಲಕ್ಕೆ ಬರೆದರು. ಕೆಲವೇ ದಿನಗಳಲ್ಲಿ ‘ಆಲಿಸದ ಗಂಟೆ ನಿಯಮಗಳು’ ಜಾರಿಗೆ ಬಂದವು. ಅವುಗಳಂತೆ ಯಾವುದೇ ಗಂಡ ಹೆಂಡತಿ ವಾರಕ್ಕೊಮ್ಮೆ ಒಂದು ಗಂಟೆ ಯಾರಿಗೂ ಕೇಳಿಸದಂತೆ ಮಾತಾಡಬಹುದು. ಏನು ಮಾತಾಡುತ್ತಾರೆಂಬುದನ್ನು ಮುಂಚಿತವಾಗಿ ಬರೆದುಕೊಟ್ಟು ಮಂಜೂರಾತಿ ಪಡೆಯತಕ್ಕದ್ದು. ಮಂಜೂರಾದುದಕ್ಕಿಂತ ಬೇರೆ ಮಾತು ಆಡಿದಲ್ಲಿ, ಅದನ್ನು ಆಡಿಯೇ ಇಲ್ಲವೆಂದು ಪರಿಗಣಿಸಲಾಗುವುದು.

ಜನ ಸರ್ಕಾರವನ್ನು ಬಾಯಿ ತುಂಬ ಹೊಗಳಿದರು. ಬೇಕರಿಯ ಯಜಮಾನ ಮೇಲಿನ ಕೋಣೆಗೆ ಪರವಾನಗಿ ಪಡೆದು, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟ. ಮೂಟೆಗಳನ್ನು ಮಾತ್ರ ಹಾಗೇ ಇಟ್ಟ, ಒರಗುವುದಕ್ಕೆಂದು. ಬಾಗಿಲ ಬೀಗದ ನಿರ್ವಹಣೆ ಬೀಗದವನಿಗೆ ಸಿಕ್ಕಿತು. ಕೆಳಗೆ ಫುಟ್‌ಪಾತಿನಲ್ಲಿ ಒಬ್ಬ ತಯಾರಾದ ಮಾತುಗಳನ್ನು ಮಾರುತ್ತಿದ್ದ. ಮಕ್ಕಳ ಓದಿನದು, ಸೊಂಟನೋವಿನದು, ಸಣ್ಣ ಜಗಳ, ರಾಜಿಯೊಂದಿಗೆ ಸಣ್ಣ ಜಗಳ. ಬ್ರೆಡ್ಡಿನದಕ್ಕೆ ಬೇಡಿಕೆ ಹೆಚ್ಚು, ಅದು ತಕರಾರಿಲ್ಲದೆ ಮಂಜೂರಾಗುತ್ತಿತ್ತು.

ಈಗ ಬೀಗದವನೂ ಹೆಂಡತಿಯೂ ವಾರಕ್ಕೊಮ್ಮೆ ಕೆಲಸ ಮುಗಿಸಿ ಬಂದು ಆ ಮೆಟ್ಟಿಲ ಮೇಲೆ ಸರತಿಯಲ್ಲಿ ಕೂರುತ್ತಾರೆ. ಒಮ್ಮೆ ಅವರ ಹಿಂದೆ ಗುಮಾಸ್ತನೂ ತನ್ನ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ.

“ಅಮ್ಮಾ,” ಎಂದು ಅವನು ಮೆಲ್ಲಗೆ ಕೇಳಿದ, “ಒಳಗೆ ಹೋದ ಮೇಲೆ ಮೊದಲು ಯಾರು ಶುರುಮಾಡಬೇಕು?”

“ನೀನಿಷ್ಟು ದಿನ ಕೇಳಿದ್ದೀಯಲ್ಲಪ್ಪ, ಇವತ್ತೂ ಕೇಳು” ಎಂದಳು ಅವಳು. “ಶುರು ನಿನ್ನ ಹೆಂಡತಿ ಮಾಡ್ತಾಳೆ.”

ಅಷ್ಟರಲ್ಲಿ ಬಾಗಿಲು ತೆರೆದು ಮೊದಲೇ ಒಳಗೆ ಹೋಗಿದ್ದ ಜೋಡಿ ಬೆನ್ನು ಕೊಡವಿಕೊಳ್ಳುತ್ತ ಇಳಿಯಿತು. ಬೀಗದವನು ಎದ್ದು ಹೆಂಡತಿಗೆ ಕೈ ಕೊಟ್ಟ. ಇಬ್ಬರೂ ಒಳಗೆ ಹೋದರು, ಚಿಲಕ ಬಿತ್ತು. ಮಂಜೂರಾದ ಪ್ರತಿಯ ಪ್ರಕಾರ, ಆ ದಿನ ಹಿಟ್ಟು ಚೆನ್ನಾಗಿ ಉಬ್ಬಿತ್ತು.