ಸಿನಿಮಾ ಮುಗಿಯುವವರೆಗೆ ಕೂರಲು ಅನುಮತಿ ಕೋರಿ

ಇಂದ,
ಈ ಮನೆಯ ಹಿರಿಯ ಹಾಗೂ ಏಕೈಕ ಸೊಸೆ,
ಟಪಾಲು ಗುಮಾಸ್ತೆ, ನೀರು ಸರಬರಾಜು ಕಚೇರಿ,
ಸದ್ಯದ ಬಿಡಾರ: ಅಡುಗೆಮನೆಗೂ ಹಜಾರಕ್ಕೂ ನಡುವಿನ ಬಾಗಿಲು.

ಗೆ,
ಮಾನ್ಯ ಯಜಮಾನರು ಹಾಗೂ ಪತಿದೇವರು,
ನಿವೃತ್ತ ಉಗ್ರಾಣಾಧಿಕಾರಿಗಳು,
ದೀಪ, ಬೀಗ ಮತ್ತು ರಿಮೋಟ್ ವಿಭಾಗ,
ಹಜಾರ, ಕಿಟಕಿ ಪಕ್ಕದ ಒರಗು ಕುರ್ಚಿ.

ವಿಷಯ: ಹಳೆಯ ಒಳ್ಳೆಯ ಸಿನಿಮಾಗಳನ್ನು ವಾರಕ್ಕೊಂದರಂತೆ, ಮೊದಲಿನಿಂದ ಕೊನೆಯವರೆಗೆ, ಯಾರೂ ಎಬ್ಬಿಸದಂತೆ ನೋಡುವ ವೈಯಕ್ತಿಕ ಗುರಿಗೆ ಮಂಜೂರಾತಿ ಕೋರಿ.

ಉಲ್ಲೇಖ: 1) ಕಳೆದ ಬುಧವಾರ ಊಟದ ಹೊತ್ತಿನಲ್ಲಿ, ಬಾಯಲ್ಲಿ ತುತ್ತಿರುವಾಗಲೇ ತಾವು ನೀಡಿದ ಮೌಖಿಕ ಆದೇಶ: "ಏನಿದ್ರೂ ಬರವಣಿಗೆಯಲ್ಲಿ ಕೊಡು ತಾಯಿ, ಪರಿಶೀಲಿಸೋಣ."
2) ಇದೇ ವಿಷಯವಾಗಿ ಈ ಹಿಂದೆ ಸಲ್ಲಿಸಿದ ಮೌಖಿಕ ಮನವಿಗಳು. ಅವೆಲ್ಲವೂ "ಮೊದಲು ಗೇಟ್ ಹಾಕಿದ್ಯಾ ಹೇಳು" ಎಂಬ ಹಿಂಬರಹದೊಂದಿಗೆ ವಾಪಸಾಗಿರುತ್ತವೆ.

ಮಾನ್ಯರೇ,

ಉಗ್ರಾಣದಿಂದ ಒಂದು ಪೊರಕೆ ಹೊರಗೆ ಹೋಗಬೇಕಾದರೂ ಬರವಣಿಗೆ ಇರಬೇಕು ಎಂಬ ನಿಯಮದಲ್ಲಿ ತಾವು ಇಡೀ ಸೇವಾವಧಿ ಕಳೆದವರಾದ ಕಾರಣ, ಈ ಅರ್ಜಿ. 'ನಾನು' ಎಂದು ಬರೆಯಹೊರಟರೆ ನಡುವೆ ನಗು ಬರುವ ಸಂಭವ ಇರುವುದರಿಂದ, ಕಚೇರಿಯ ಪದ್ಧತಿಯಂತೆ 'ಅರ್ಜಿದಾರಳು' ಎಂದೇ ಬರೆಯಲಾಗಿದೆ.

1. ಅರ್ಜಿದಾರಳು ಕೆಲಸಕ್ಕೆ ಸೇರಿದಾಗಿನಿಂದ ಬೇರೆಯವರ ಅರ್ಜಿಗಳನ್ನು ಒಡೆದು, ಓದಿ, ಮೊಹರು ಹಾಕಿ, ಮೇಜಿನಿಂದ ಮೇಜಿಗೆ ದಾಟಿಸುತ್ತಾ ಬಂದವಳು. ಅತಿ ವಿನಯದಿಂದ ಬರೆದ ಅರ್ಜಿ ಕಡತದ ಅಡಿಗೆ ಹೋಗುತ್ತದೆ, ಅತಿ ಸಿಟ್ಟಿನಿಂದ ಬರೆದದ್ದು ಅದಕ್ಕಿಂತಲೂ ಅಡಿಗೆ ಹೋಗುತ್ತದೆ ಎಂಬುದನ್ನು ಬಲ್ಲಳು. ಆದ್ದರಿಂದ ಎರಡನ್ನೂ ಬಿಟ್ಟು, ನಡೆದದ್ದನ್ನು ನಡೆದ ಹಾಗೆ ನಿವೇದಿಸುತ್ತಾಳೆ.

2. ಗುರಿ ಹುಟ್ಟಿದ ಬಗೆ: ಅರ್ಜಿದಾರಳ ಹುಟ್ಟುಹಬ್ಬದ ದಿನ ಮಗಳು ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅದು "ನಿಮ್ಮ ಗುರಿ ಏನು?" ಎಂದು ಕೇಳಿತು. ನಡೆಯುತ್ತೀರಾ, ನೀರು ಕುಡಿಯುತ್ತೀರಾ, ಹೊಟ್ಟೆ ಕರಗಿಸುತ್ತೀರಾ ಎಂದು ತಾನೇ ಸಲಹೆಯನ್ನೂ ಕೊಟ್ಟಿತು. ಯಾರೊಬ್ಬರೂ, ಯಂತ್ರವೂ ಸೇರಿದಂತೆ, ಅಲ್ಲಿಯವರೆಗೆ ಅರ್ಜಿದಾರಳನ್ನು ಹಾಗೆ ಕೇಳಿರಲಿಲ್ಲ. ಅವಳು ಒಂದೇ ಬೆರಳಿನಲ್ಲಿ "ಹಳೆಯ ಸಿನಿಮಾ ಪೂರ್ತಿ ನೋಡುವುದು" ಎಂದು ಒತ್ತಿದಳು.

ಮಗಳು ಇಣುಕಿ ನೋಡಿ ನಕ್ಕಳು. "ಅಮ್ಮಾ, ಅದು ಗುರಿನಾ? ಎಲ್ಲರೂ ಪರದೆ ಮುಂದೆ ಕೂರೋದು ಕಡಿಮೆ ಮಾಡ್ಬೇಕು ಅಂತ ಒದ್ದಾಡ್ತಿದಾರೆ."

"ನೀನು ಕಡಿಮೆ ಮಾಡು, ನಾನು ಜಾಸ್ತಿ ಮಾಡ್ತೀನಿ. ಮನೆಯ ಸರಾಸರಿ ಸರಿಹೋಗುತ್ತೆ."

"ನೀನು ನೋಡಿಲ್ವಾ ಹಳೇದೆಲ್ಲ? ಎಲ್ಲಾ ಕಥೆ ಹೇಳ್ತಿರ್ತೀಯ!"

"ಮುಕ್ಕಾಲು ನೋಡಿದೀನಿ. ಪ್ರತಿಯೊಂದನ್ನೂ ಮುಕ್ಕಾಲು."

3. ಪ್ರತಿಯೊಂದನ್ನೂ ಮುಕ್ಕಾಲು ಏಕೆ ಎಂಬುದಕ್ಕೆ ವಿವರಣೆ: ಅರ್ಜಿದಾರಳ ತಂದೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಸಿನಿಮಾ ಬಿಟ್ಟ ಮೇಲೆ ಬಸ್ ನಿಲ್ದಾಣಕ್ಕೆ ಎಂಥ ಜನ ನುಗ್ಗುತ್ತದೆ ಎಂಬುದನ್ನು ಅವರಷ್ಟು ಬಲ್ಲವರಿರಲಿಲ್ಲ. ಆದ ಕಾರಣ, ಪರದೆಯ ಮೇಲೆ ಸಂಗೀತ ಜೋರಾಗುತ್ತಿದ್ದ ಹಾಗೆ, ನಾಯಕಿ ಓಡಲು ಶುರುಮಾಡುತ್ತಿದ್ದ ಹಾಗೆ, ಅವರು ಕತ್ತಲಲ್ಲಿ ಎದ್ದು ನಿಲ್ಲುತ್ತಿದ್ದರು. "ಏಳಿ ಏಳಿ, ಜನ ಏಳೋ ಮುಂಚೆ ಏಳ್ಬೇಕು." ಅಮ್ಮ ಸೆರಗು ಸರಿಮಾಡಿಕೊಂಡು ಏಳುತ್ತಿದ್ದರು. ಅಕ್ಕ ಮತ್ತು ಅರ್ಜಿದಾರಳು ಹಿಂದಕ್ಕೆ ತಿರುಗಿ ಪರದೆ ನೋಡುತ್ತಾ, ಕೂತವರ ಕಾಲು ತುಳಿಯುತ್ತಾ, ಬೈಸಿಕೊಳ್ಳುತ್ತಾ ಹೊರಗೆ ಬರುತ್ತಿದ್ದರು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಮಾತ್ರ ಎಂದೂ ತಪ್ಪಲಿಲ್ಲ. ಆ ಸೀಟಿನಲ್ಲಿ ಕೂತು ಅಕ್ಕತಂಗಿಯರು ಸಿನಿಮಾ ಮುಗಿಸುತ್ತಿದ್ದರು. ಅಕ್ಕ ಎಲ್ಲರನ್ನೂ ಸಾಯಿಸುತ್ತಿದ್ದಳು, ಅರ್ಜಿದಾರಳು ಎಲ್ಲರನ್ನೂ ಬದುಕಿಸುತ್ತಿದ್ದಳು. ಇಳಿಯುವ ಹೊತ್ತಿಗೆ ಜಗಳವಾಗಿ ಇಬ್ಬರ ಮುಖವೂ ಊದಿರುತ್ತಿತ್ತು. ತಂದೆಯವರು, "ನೋಡಿ, ಎಷ್ಟು ಆರಾಮಾಗಿ ಬಂದ್ವಿ," ಎನ್ನುತ್ತಿದ್ದರು.

4. ಮದುವೆ ಗೊತ್ತಾದ ಹೊಸತರಲ್ಲಿ ತಾವು ಅರ್ಜಿದಾರಳನ್ನು ಒಂದು ಸಿನಿಮಾಕ್ಕೆ ಕರೆದುಕೊಂಡು ಹೋದದ್ದು ತಮ್ಮ ನೆನಪಿನಲ್ಲಿರಬಹುದು. ಅದರಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳಿರುತ್ತಾಳೆ. ದಿನವೂ ಒಬ್ಬ ಗಡಿಯಾರ ರಿಪೇರಿಯವನಿಗೆ ಕರೆ ಜೋಡಿಸಿಕೊಡುತ್ತಾ, ಅವನ ದನಿಗೆ ಮನಸೋಲುತ್ತಾಳೆ. ಕೊನೆಗೆ ಇಬ್ಬರೂ ಒಂದೇ ರೈಲು ನಿಲ್ದಾಣದಲ್ಲಿ, ಒಬ್ಬರನ್ನೊಬ್ಬರು ಎಂದೂ ನೋಡಿಲ್ಲದೆ, ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಾರೆ. ಅವಳು ಮಾತಾಡಿದರೆ ಸಾಕು, ಅವನಿಗೆ ಗೊತ್ತಾಗುತ್ತದೆ. ಅವಳು ಬಾಯಿ ತೆರೆಯುತ್ತಾಳೆ. ಸರಿಯಾಗಿ ಆಗ ತಾವು ಎದ್ದು ನಿಂತಿರಿ.

"ಏಳು ಏಳು. ಆಮೇಲೆ ಸ್ಕೂಟರ್ ತೆಗೆಯೋಕಾಗಲ್ಲ."

ಅರ್ಜಿದಾರಳಿಗೆ ಆಗ ನಗು ಬಂತು. ಒಂದು ಮನೆಯಿಂದ ಎದ್ದು ಬಂದವಳು ಅಂಥದೇ ಇನ್ನೊಂದು ಮನೆಗೆ ಹೋಗುತ್ತಿದ್ದೇನೆ ಎಂದು ಅನಿಸಿ ಸ್ವಲ್ಪ ಹೆದರಿಕೆಯೂ ಆಯಿತು. ಸ್ಕೂಟರಿನ ಹಿಂದೆ ಕೂತು, ಗಾಳಿಗೆ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ಕೇಳಿದಳು: "ಕೊನೆಗೆ ಏನಾಗುತ್ತೆ?"

"ಸೇರ್ತಾರೆ ಬಿಡು."

"ನಿಜವಾಗ್ಲೂ?"

"ನಾನು ನೋಡಿದೀನಿ ಕಣೇ. ಚೆನ್ನಾಗಿ ಸೇರ್ತಾರೆ."

ತಾವು ಅಂದು ಮೊದಲ ಸಲ 'ಕಣೇ' ಎಂದದ್ದು. ಆ ಮಾತು ಸಿನಿಮಾದ ಬಗ್ಗೆ ಅಷ್ಟೇ ಎಂದು ಅರ್ಜಿದಾರಳು ತಿಳಿಯಲಿಲ್ಲ.

5. ಸದರಿ ಕೊನೆಯನ್ನೇ ನಂಬಿಕೊಂಡು ಅರ್ಜಿದಾರಳು ಈವರೆಗೆ ಸಂಸಾರ ನಡೆಸಿರುತ್ತಾಳೆ.

6. ಮನೆಗೆ ಟೀವಿ ಬಂದ ಮೇಲೆ ಬಸ್ಸೂ ಇಲ್ಲ, ಸ್ಕೂಟರೂ ಇಲ್ಲ, ಕೊನೆಯವರೆಗೆ ಕೂರಬಹುದು ಎಂದುಕೊಂಡದ್ದು ನಿಜ. ಆದರೆ ಕೊನೆ ಬರುವ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಮಗಳು ಬಿದ್ದು ಮೊಣಕಾಲು ತರಚಿಕೊಳ್ಳುತ್ತಿದ್ದಳು, ಇಸ್ತ್ರಿಯವನು ಬಾಗಿಲು ತಟ್ಟುತ್ತಿದ್ದನು. ಯಾರೂ ಕರೆಯದ ದಿನವೂ ಅರ್ಜಿದಾರಳು ತಾನಾಗಿಯೇ ಎದ್ದು ಹೋದದ್ದುಂಟು. ಸಂಗೀತ ಜೋರಾದರೆ ಸಾಕು, ಅವಳ ಕಾಲು ತಾನೇ ಚಪ್ಪಲಿ ಹುಡುಕುತ್ತದೆ. ಕಚೇರಿಯಲ್ಲಿ ಯಾರದೇ ಬೀಳ್ಕೊಡುಗೆ ಇರಲಿ, ಕೊನೆಯ ಭಾಷಣಕ್ಕೆ ಮೊದಲು ಅವಳ ಕೈಯಲ್ಲಿ ಚೀಲ ಇರುತ್ತದೆ. ಇದು ಸ್ವಭಾವವಲ್ಲ, ಅಭ್ಯಾಸ. ಅಭ್ಯಾಸವಾದ್ದರಿಂದಲೇ ಬಿಡಿಸಿಕೊಳ್ಳಲು ಗುರಿ ಬೇಕಾಯಿತು.

7. ಕಳೆದ ಭಾನುವಾರದ ಘಟನೆ: ಮಧ್ಯಾಹ್ನ ಮಗಳು ಅದೇ ಟೆಲಿಫೋನ್ ಹುಡುಗಿಯ ಸಿನಿಮಾವನ್ನು ಎಲ್ಲಿಂದಲೋ ಹುಡುಕಿ ಟೀವಿಗೆ ಹಾಕಿಕೊಟ್ಟಳು. ಅರ್ಜಿದಾರಳು ಒಲೆ ಆರಿಸಿ, ಫೋನನ್ನು ಬಟ್ಟೆಯ ಬೀರುವಿನಲ್ಲಿಟ್ಟು, ಚಪ್ಪಲಿಯನ್ನು ಸೋಫಾದ ಕೆಳಗೆ ಕೈಗೆಟುಕದಷ್ಟು ದೂರ ತಳ್ಳಿ ಕೂತಳು. ಬೆಂಚು ಬಂತು. ಎರಡು ತುದಿ ಬಂತು. ಹುಡುಗಿ ಬಾಯಿ ತೆರೆದಳು.

ಹಜಾರದ ಟ್ಯೂಬ್‌ಲೈಟ್ ಹತ್ತಿತು.

"ಗೇಟಿನ ಬೀಗದ ಕೈ ಎಲ್ಲಿಟ್ಟೆ?" ಎನ್ನುತ್ತಾ ತಾವು ನಿದ್ದೆಯಿಂದೆದ್ದು ಬಂದಿರಿ. "ಓ, ಇದಾ? ಸೇರ್ತಾರೆ ಬಿಡು." ರಿಮೋಟ್ ತೆಗೆದುಕೊಂಡಿರಿ. "ಹೆಡ್‌ಲೈನ್ಸ್ ಅಷ್ಟೇ, ಒಂದೇ ನಿಮಿಷ."

ಆಗ ಅಡುಗೆಮನೆಯ ಬಾಗಿಲಲ್ಲಿ ಕನ್ನಡಕ ಒರೆಸುತ್ತಾ ನಿಂತಿದ್ದ ತಮ್ಮ ತಾಯಿಯವರು, ಅಂದರೆ ಅರ್ಜಿದಾರಳ ಅತ್ತೆಯವರು, ಬಾಯಿ ಹಾಕಿದರು. "ಎಲ್ಲಿ ಸೇರ್ತಾರೋ? ಯಾವನು ಹೇಳಿದ್ದು ನಿನಗೆ? ಅವಳು ಕೊನೆಗೆ..."

"ಅತ್ತೇ! ಹೇಳ್ಬೇಡಿ!" ಅರ್ಜಿದಾರಳು ದಿಂಬನ್ನು ಎರಡೂ ಕಿವಿಗೆ ಒತ್ತಿಕೊಂಡಳು. ಆಮೇಲೆ ದಿಂಬು ಇಳಿಸಿ ತಮ್ಮ ಕಡೆ ತಿರುಗಿದಳು. "ನೋಡಿದೀನಿ ಅಂದಿದ್ರಲ್ರೀ?"

ತಾವು ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡಿದಿರಿ. "ನೋಡಿದ ಹಾಗೇ ಅದು. ಸೈಕಲ್ ಅಂಗಡಿಯವನು ಹೇಳಿದ್ದ."

"ಅವನು ನೋಡಿದ್ನಾ?"

"ಅವನೂ ಗಾಡಿ ತೆಗೀಬೇಕಿತ್ತಲ್ಲ."

ಮಗಳು ಸೋಫಾದಿಂದ ಜಾರಿ ನೆಲದ ಮೇಲೆ ಕೂತು ನಕ್ಕಳು. "ಅಪ್ಪಾ, ನೀನು ಒಂದೇ ಒಂದು ಸಿನಿಮಾದ ಕೊನೆ ನೋಡಿದೀಯಾ?" ತಾವು ಹೆಡ್‌ಲೈನ್ಸ್ ಹಾಕಿದಿರಿ. ಇಂಥ ಉತ್ತರವನ್ನು ಕಚೇರಿಯಲ್ಲಿ 'ಇಲ್ಲ' ಎಂದು ದಾಖಲಿಸುವ ರೂಢಿ ಇರುತ್ತದೆ.

8. ಅತ್ತೆಯವರು ಅಲ್ಲಿಗೆ ನಿಲ್ಲಿಸಲಿಲ್ಲ. ಅರ್ಜಿದಾರಳ ಪಕ್ಕಕ್ಕೆ ಬಂದು ಕೂತು, ದನಿ ತಗ್ಗಿಸಿ ಕೇಳಿದರು: "ಅದಿರಲಿ, ಆ ಹುಡುಗಿ ಅವನಿಗೆ ಏನಾಗ್ಬೇಕೇ? ನಾನು ಇಷ್ಟು ವರ್ಷ ತಂಗಿ ಅಂದ್ಕೊಂಡಿದ್ದೆ."

ವಿಚಾರಣೆಯಲ್ಲಿ ತಿಳಿದುಬಂದದ್ದೇನೆಂದರೆ, ಅತ್ತೆಯವರು ಯಾವ ಸಿನಿಮಾದ ಆರಂಭವನ್ನೂ ನೋಡಿದವರಲ್ಲ. ಮನೆಮಂದಿಯೆಲ್ಲ ಟೀವಿಯ ಮುಂದೆ ಕೂತಾಗ ಅವರು ಬಡಿಸುತ್ತಿದ್ದರು, ಆಮೇಲೆ ಪಾತ್ರೆ ತೊಳೆಯುತ್ತಿದ್ದರು, ಕೈ ಒರೆಸಿಕೊಂಡು ಬರುವ ಹೊತ್ತಿಗೆ ಎಲ್ಲರೂ ಅಳುತ್ತಿರುತ್ತಿದ್ದರು. "ನಾನೂ ಕೂತು ಅಳ್ತಿದ್ದೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ಗೊತ್ತಿರಲಿಲ್ಲ. ಒಂದ್ಸಲ ಕಳ್ಳ ಸತ್ತಿದ್ದಕ್ಕೆ ಅಷ್ಟು ಅತ್ತು, ನಿಮ್ಮ ಮಾವನ ಕೈಲಿ ಬೈಸಿಕೊಂಡೆ." ಹೇಳಿ ಅವರೇ ನಕ್ಕರು. ಅರ್ಜಿದಾರಳೂ ನಕ್ಕಳು.

ಒಂದೇ ಸೂರಿನಡಿ ಒಬ್ಬಳ ಬಳಿ ಎಲ್ಲ ಕಥೆಗಳ ಆರಂಭ, ಇನ್ನೊಬ್ಬಳ ಬಳಿ ಎಲ್ಲ ಕಥೆಗಳ ಕೊನೆ ಇದ್ದು, ಇಷ್ಟು ಕಾಲ ಯಾರೂ ಜೋಡಿಸಿ ನೋಡದೆ ಇದ್ದುದು ಗಮನಾರ್ಹ.

9. ಮಗಳು, "ಹಿಂದಕ್ಕೆ ತಿರುಗಿಸ್ತೀನಿ ಬಿಡಮ್ಮ, ಕೊನೆ ಮಾತ್ರ ನೋಡ್ಕೋ," ಎಂದಳು. ಅರ್ಜಿದಾರಳು ಬೇಡ ಎಂದಳು. ಬರೀ ಕೊನೆ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದಲ್ಲೇ ಸಾಕ್ಷಿ ಕೂತಿತ್ತು. ಅಂದಿನಿಂದ ಅವಳ ತಲೆಯಲ್ಲಿ ಆ ಹುಡುಗಿ ಬಾಯಿ ತೆರೆದುಕೊಂಡೇ ಕೂತಿದ್ದಾಳೆ. ಟಪಾಲು ಒಡೆಯುವಾಗಲೂ ಕೂತಿರುತ್ತಾಳೆ, ಬಟ್ಟೆ ಮಡಿಸುವಾಗಲೂ ಕೂತಿರುತ್ತಾಳೆ. ಅವಳು ಮಾತಾಡಿದಳೋ ಇಲ್ಲವೋ ಎಂಬುದನ್ನು ಅರ್ಜಿದಾರಳು ಯಾರ ಬಾಯಿಂದಲೂ ಅಲ್ಲ, ತನ್ನ ಕಣ್ಣಿನಿಂದಲೇ ತಿಳಿಯಬೇಕಾಗಿದೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಮತ್ತು ಇಲ್ಲಿ ಬರೆಯದೆ ಬಿಟ್ಟ ಕಾರಣಗಳಿಂದಲೂ, ಈ ಕೆಳಕಂಡಂತೆ ಆದೇಶಿಸಬೇಕೆಂದು ಕೋರಿಕೆ:

ಅ) ಪ್ರತಿ ಭಾನುವಾರ ಮಧ್ಯಾಹ್ನದ ಊಟದ ನಂತರ ಹಜಾರವನ್ನು ಒಂದು ಹಳೆಯ ಸಿನಿಮಾಕ್ಕೆ, ಪರದೆಯ ಮೇಲೆ ಕಟ್ಟಕಡೆಯ ಹೆಸರು ಹೋಗುವವರೆಗೆ, ಬಿಟ್ಟುಕೊಡತಕ್ಕದ್ದು. ಮೊದಲನೆಯದಾಗಿ ಟೆಲಿಫೋನ್ ಹುಡುಗಿಯದೇ, ಮೊದಲಿನಿಂದ.

ಆ) ಅತ್ತೆಯವರನ್ನು ಸಹ-ಅರ್ಜಿದಾರಳೆಂದು ಪರಿಗಣಿಸಿ, ಸಿನಿಮಾ ಶುರುವಾಗುವ ಮೊದಲೇ ಸೋಫಾದಲ್ಲಿ ಕೂರಿಸತಕ್ಕದ್ದು. ಅಂದಿನ ಪಾತ್ರೆಗಳನ್ನು ದೀಪ, ಬೀಗ ಮತ್ತು ರಿಮೋಟ್ ವಿಭಾಗಕ್ಕೆ ಹೆಚ್ಚುವರಿ ಪ್ರಭಾರದ ಮೇಲೆ ವಹಿಸತಕ್ಕದ್ದು. ಪಾತ್ರೆಗಳು ಸಿನಿಮಾ ಮುಗಿಯುವವರೆಗೆ ಕಾಯಬಲ್ಲವು. ಅವಕ್ಕೆ ಅಭ್ಯಾಸವಿಲ್ಲ, ಕಲಿಯುತ್ತವೆ.

ಇ) ತಾವೂ ಕೂರತಕ್ಕದ್ದು. ಸ್ಕೂಟರನ್ನು ಮಾರಿ ಬಹಳ ಕಾಲವಾಗಿರುವುದರಿಂದ ಅದನ್ನು ತೆಗೆಯುವ ತೊಂದರೆ ಈಗ ಉದ್ಭವಿಸುವುದಿಲ್ಲ.

ಈ) ಒಂದು ವೇಳೆ ಸಿನಿಮಾದಲ್ಲಿ ಅವರು ಸೇರದೆ ಹೋದರೂ, ತಾವು ಅಂದು ಸ್ಕೂಟರಿನ ಮೇಲೆ ಹೇಳಿದ ಕೊನೆಯನ್ನು ಅರ್ಜಿದಾರಳು ರದ್ದುಪಡಿಸದೆ, ಬೇರೆಯದೇ ಕಡತವಾಗಿ ತನ್ನ ಬಳಿ ಉಳಿಸಿಕೊಳ್ಳಲು ಅನುಮತಿ ನೀಡತಕ್ಕದ್ದು. ಅದು ನೋಡದೆ ಹೇಳಿದ ಮಾಹಿತಿ ಎಂದು ಈಗ ಗೊತ್ತಾಗಿದ್ದರೂ, ಅದರ ಮೇಲೆ ಕೈಗೊಂಡ ಕ್ರಮದ ಬಗ್ಗೆ ಅರ್ಜಿದಾರಳಿಗೆ ತಕರಾರಿಲ್ಲ.

ಆಕಳಿಸದೆ ಓದಿದ್ದಕ್ಕೆ ಕೃತಜ್ಞತೆಗಳೊಂದಿಗೆ,

ಈ ಸಲ ಏಳದೆ ಕೂರಲು ನಿರ್ಧರಿಸಿರುವ
ತಮ್ಮ ವಿಶ್ವಾಸಿ,
(ಸಹಿ) ಅರ್ಜಿದಾರಳು

ಅಡಕಗಳು:
1. ಗೇಟಿನ ಬೀಗದ ಕೈ. (ಹುಡುಕಲು ಏಳಬೇಕಾಗಿಲ್ಲ.)
2. ತಮ್ಮ ಒರಗು ಕುರ್ಚಿಗೆ ಒಂದು ಹೊಸ ದಿಂಬು.
3. ಅತ್ತೆಯವರ ಲಿಖಿತ ಹೇಳಿಕೆ: "ನಾನು ಕೊನೆ ಹೇಳಲ್ಲ. ಅವನಿಗಂತೂ ಮೊದಲೇ ಹೇಳಲ್ಲ."

ಪ್ರತಿ: ಮಗಳಿಗೆ, ಮಾಹಿತಿಗಾಗಿ, ಮತ್ತು ಸಿನಿಮಾವನ್ನು ಅದರ ಸಹಜ ವೇಗದಲ್ಲೇ ಓಡಿಸುವ ಸಲುವಾಗಿ.

ವಿಶೇಷ ಸೂಚನೆ: ಕಟ್ಟಕಡೆಯ ಹೆಸರು ಹೋದ ಮೇಲೆ ಟ್ಯೂಬ್‌ಲೈಟ್ ಹಾಕುವ ಅಧಿಕಾರ ಎಂದಿನಂತೆ ತಮ್ಮದೇ ಆಗಿರುತ್ತದೆ. ಆದರೆ ಹಾಕುವ ಮುನ್ನ, ಸೋಫಾದಲ್ಲಿರುವ ಇಬ್ಬರೂ ಕಣ್ಣು ಒರೆಸಿಕೊಂಡು ಆಯಿತೇ ಎಂದು ಕತ್ತಲಲ್ಲೇ ಒಮ್ಮೆ ಕೇಳಿ, ತಮ್ಮದನ್ನೂ ಒರೆಸಿಕೊಂಡು, ಆ ನಂತರ ಹಾಕತಕ್ಕದ್ದು.