ಬೀಗರೊಡನೆ ದ್ವೀಪ ಪ್ರದಕ್ಷಿಣೆ

ಭಾನುವಾರ ಬೆಳಿಗ್ಗೆ ಮುಂಬಯಿಯ ಸಯನ್ ಸರ್ಕಲ್ಲಿನ ಹತ್ತಿರ ಹಾಲು ತರಲು ಹೋಗುವವರೆಲ್ಲ ಆ ಜನರನ್ನು ನೋಡಿಯೇ ಇರುತ್ತಾರೆ. ಮೈಗಂಟಿದ ಚಡ್ಡಿ, ಅರ್ಧ ಕಲ್ಲಂಗಡಿಯಂಥ ಹೆಲ್ಮೆಟ್ಟು, ಕಪ್ಪು ಕನ್ನಡಕ. ಸೈಕಲ್ಲಿನ ಬೆಲೆ ಒಂದು ಸ್ಕೂಟರಿಗಿಂತ ಹೆಚ್ಚು. ಆದರೆ ಅದಕ್ಕೆ ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ಬೆಲ್ಲೂ ಇಲ್ಲ. ಇಷ್ಟೆಲ್ಲ ಇಲ್ಲದ್ದಕ್ಕೆ ಅಷ್ಟೊಂದು ದುಡ್ಡು! ಅದನ್ನು ಮಾಟುಂಗಾದವರೆಗೆ ತುಳಿದು, ಬೆಣ್ಣೆ ಹಾಕಿಸಿ ಎರಡು ಮಸಾಲೆ ದೋಸೆ ತಿಂದು, ಸೈಕಲ್ಲಿಗೆ ಒರಗಿ ಫೋಟೋ ತೆಗೆಸಿಕೊಂಡು ಮನೆಗೆ ಮರಳುತ್ತಾರೆ. ಇದಕ್ಕೆ ವ್ಯಾಯಾಮವೆಂದು ಹೆಸರು.

ಇವರನ್ನು ಕಂಡರೆ ನನಗೆ ಬಹಳ ತಾತ್ಸಾರ. ಏಕೆಂದರೆ ನಾನು ಅಸಲಿ ಸೈಕಲ್ ಸವಾರ. ಮೈಸೂರಿನಲ್ಲಿ ಬಿ.ಕಾಂ. ಓದುವಾಗ ಮೂರು ವರ್ಷ ಕಾಲೇಜಿಗೆ ಸೈಕಲ್ಲಿನಲ್ಲೇ ಹೋದವನು. ಆಮೇಲೆ ಮುಂಬಯಿಗೆ ಬಂದು, ದಾದರಿನ ಒಂದು ವಿಮಾ ಕಚೇರಿಯಲ್ಲಿ ಡೆಪ್ಯುಟಿ ಮ್ಯಾನೇಜರ್ ಆಗುವವರೆಗಿನ ಮೂವತ್ತೈದು ವರ್ಷ ಸೈಕಲ್ಲನ್ನು ಮುಟ್ಟಿಲ್ಲ, ನಿಜ. ಆದರೆ ಕಲಿತ ವಿದ್ಯೆ ಎಲ್ಲಿಗೆ ಹೋಗುತ್ತದೆ? ಕಾಲುಗಳಲ್ಲೇ ಎಲ್ಲೋ ಭದ್ರವಾಗಿದೆ ಎಂದು ನಂಬಿದ್ದೆ.

ನಮ್ಮ ಮಗಳು ಪಲ್ಲವಿ ತನ್ನ ಆಫೀಸಿನ ನಿಖಿಲ್ ದೇಸಾಯಿ ಎಂಬ ಹುಡುಗನನ್ನು ಮೆಚ್ಚಿದ್ದಳು. ಧಾರವಾಡದ ಕಡೆಯವರು, ಚೆಂಬೂರಿನಲ್ಲಿ ಮನೆ. ಅವರಿಬ್ಬರೂ ಒಪ್ಪಿ ವರ್ಷವಾಗಿತ್ತು. ಹಿರಿಯರು ಒಪ್ಪುವುದೊಂದು ಬಾಕಿ. ಹುಡುಗನ ತಂದೆ ತಾಯಿ ನಮ್ಮ ಮನೆಗೆ ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. "ಹತ್ತು ದಿನದಾಗ ನಮ್ಮ ವಿಚಾರ ತಿಳಸ್ತೇವ್ರಿ" ಎಂದು ದೇಸಾಯರು ನ್ಯಾಯಾಧೀಶರ ಠೀವಿಯಲ್ಲಿ ಹೇಳಿದರು. ಅಷ್ಟಕ್ಕೆ ನಾನು ಸುಮ್ಮನೆ ಕಾಫಿ ಕುಡಿದಿದ್ದರೆ ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

"ಅರವತ್ತಾದರೂ ಇಷ್ಟು ಗಟ್ಟಿಮುಟ್ಟಾಗಿದ್ದೀರಲ್ಲ, ಏನು ಗುಟ್ಟು?" ಎಂದು ಕೇಳಿದೆ.

"ಸೈಕಲ್ ನೋಡ್ರಿ ರಾಯರ! ಪ್ರತಿ ಐತ್ವಾರ ನಾವು ಮೂರು ಮಂದಿ ಗೆಳ್ಯಾರು ಹೊಂಡತೇವಿ. ಈ ಐತ್ವಾರ ಮಾರ್ವೆದಾಗ ಸೈಕಲ್ ಬೋಟಿನ್ಯಾಗ ಹಾಕ್ಕೊಂಡು ಮನೋರಿಗೆ ದಾಟಿ, ಗೊರಾಯಿ ಹಾಯ್ದು ಇಡೀ ದ್ವೀಪ ಸುತ್ತಿ ಬರೋದೈತ್ರಿ."

ದ್ವೀಪವನ್ನು ಸುತ್ತಿದರೆ ಮನುಷ್ಯ ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ. ಹೊರಟಲ್ಲಿಗೇ ಬರುವುದಾದರೆ ಹೊರಡುವುದೇಕೆ? ಇದನ್ನು ಕೇಳಬೇಕೆಂದು ಬಾಯಿ ತೆರೆದೆ. ಬೀಗರಾಗುವವರ ಎದುರು ಕೊಂಕು ಮಾತಾಡಬಾರದೆಂದು ತಕ್ಷಣ ನೆನಪಾಯಿತು. ಆದರೆ ತೆರೆದ ಬಾಯಿಂದ ಏನಾದರೂ ಹೊರಬರಲೇಬೇಕಲ್ಲ? ಬಂದದ್ದು ಇದು:

"ನಾನೂ ಸೈಕಲ್ ಸವಾರನೇ!"

ನನ್ನ ಹೆಂಡತಿ ಸುಮಿತ್ರಳ ಕೈಯಲ್ಲಿದ್ದ ಚಮಚ ನೆಲಕ್ಕೆ ಬಿತ್ತು.

"ಹೌದೇನ್ರಿ? ಹಂಗಾರ ನೀವೂ ಬರ್ರಿ!" ದೇಸಾಯರ ಮುಖ ಅರಳಿತು.

"ಬರದೆ ಏನು? ತಿಂಡಿ ನಮ್ಮ ಕಡೆಯಿಂದ. ನೀವ್ಯಾರೂ ಏನೂ ತರಕೂಡದು" ಎಂದೆ. ಯಾರೂ ಕೇಳದಿದ್ದ ಇನ್ನೊಂದು ಭಾರವನ್ನೂ ಹೀಗೆ ಹೊತ್ತುಕೊಂಡೆ.

ಅವರು ಹೋದ ಮೇಲೆ ಸುಮಿತ್ರ ಬಾಗಿಲು ಹಾಕಿ ತಿರುಗಿದಳು. "ರೀ, ದಾದರ್ ಸ್ಟೇಷನ್ನಿನ ಬ್ರಿಡ್ಜ್ ಹತ್ತಿದ್ರೆ ನಿಮಗೆ ಏದುಸಿರು ಬರುತ್ತೆ. ಸೈಕಲ್ಲಂತೆ, ದ್ವೀಪವಂತೆ!"

ಪಲ್ಲವಿಗೆ ಅಳುವುದೊಂದು ಬಾಕಿ. "ಅಪ್ಪಾ, ಪ್ಲೀಸ್ ಯಾರ್! ನಿಖಿಲ್‌ನ ಪಪ್ಪಾ ಬಹುತ್ ಸ್ಟ್ರಿಕ್ಟ್ ಇದ್ದಾರೆ. ಅವರಿಗೆ ಸುಳ್ಳು ಅಂದ್ರೆ ಆಗಲ್ಲ. ನೀನು ಸ್ಲೋ ಹೋಗು, ಚಲೇಗಾ. ಆದ್ರೆ ಏನೂ ಗಡ್‌ಬಡ್ ಮಾಡ್ಬೇಡ. ನನ್ನ ಲೈಫ್ ಇದೆ ಇದರಲ್ಲಿ."

"ನಿನ್ನ ಅಪ್ಪನ ಮೇಲೆ ನಂಬಿಕೆ ಇಡು" ಎಂದೆ. ಅವಳು ಇನ್ನಷ್ಟು ಗಾಬರಿಯಾದಳು.

ಮಾಟುಂಗಾದಲ್ಲಿ ಹೋಟೆಲು ನಡೆಸುವ ಶೆಟ್ಟರು ನನ್ನ ಹಳೆಯ ಗೆಳೆಯರು. ಸೈಕಲ್ಲಿಗಾಗಿ ಅವರ ಬಳಿಗೆ ಹೋದೆ.

"ಗೇರಿನ ಸೈಕಲ್ ಬಾಡಿಗೆಗೆ ಸಿಗ್ತದೆ ರಾಯರೆ, ಅದು ತೆಕ್ಕೊಳ್ಳಿ" ಎಂದರು.

"ಗೇರು ಕಾಲಲ್ಲಿ ಕಸುವಿಲ್ಲದವರಿಗೆ."

"ಹಾಗಾದ್ರೆ ನಮ್ಮ ಹೋಟೆಲಿಂದೇ ಒಂದು ಉಂಟು ಮಾರಾಯ್ರೆ. ಮಾರ್ಕೆಟಿಂದ ತೆಂಗಿನಕಾಯಿ ತರುವಂಥದ್ದು. ನಿಮ್ಗೆ ಆಗ್ತದಾ?"

ಅದನ್ನು ನೋಡಿ ನನ್ನ ಹೃದಯ ತುಂಬಿ ಬಂತು. ಸ್ಟ್ಯಾಂಡಿತ್ತು! ಮಡ್‌ಗಾರ್ಡಿತ್ತು! ಎರಡು ಮೂಟೆ ಕಾಯಿ ಹೊರುವ ಕಬ್ಬಿಣದ ಕ್ಯಾರಿಯರಿತ್ತು. ಬೆಲ್ಲಿನ ಜಾಗದಲ್ಲಿ, ಹಿಸುಕಿದರೆ 'ಪೋಂ' ಎನ್ನುವ ರಬ್ಬರಿನ ಹಾರ್ನಿತ್ತು. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಹತ್ತು ಮಾರು ತುಳಿದೆ. ಬೀಳಲಿಲ್ಲ. ನನ್ನ ತರಬೇತಿ ಅಲ್ಲಿಗೆ ಮುಗಿಯಿತು.

ಭಾನುವಾರ ಬೆಳಗಿನ ಜಾವ ಎದ್ದು ನೋಡಿದರೆ ಅಡುಗೆಮನೆಯಲ್ಲಿ ಇಡ್ಲಿಯ ಗುಡ್ಡವೇ ಎದ್ದಿತ್ತು. ಅರವತ್ತು ಇಡ್ಲಿ!

"ನಾಲ್ಕು ಜನಕ್ಕೆ ಅರವತ್ತೇ?"

"ಬೀಗರು!" ಎಂದಳು ಸುಮಿತ್ರ. ಇದಕ್ಕೆ ಎದುರು ಮಾತಿಲ್ಲ. "ಆ ಕಡೆ ಎಲ್ಲ ಮೀನೇ ಸಿಗೋದು. ಅವರೋ ಈರುಳ್ಳಿಯನ್ನೂ ಯೋಚನೆ ಮಾಡಿ ತಿನ್ನೋ ಜನ. ನಮ್ಮ ಕೈಯಲ್ಲಿ ಹಸಿದುಕೊಂಡು ಹೋದರು ಅನ್ನೋ ಮಾತು ಬಂದರೆ ಈ ಸಂಬಂಧ ಮುರೀತು ಅಂತಲೇ ತಿಳ್ಕೊಳ್ಳಿ."

ಶೆಟ್ಟರು ಕೊಟ್ಟ ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡ್ಲಿ ತುಂಬಿ, ಮುಚ್ಚಳ ಹಾಕಿ, ಹಳೆಯ ಟ್ಯೂಬಿನಿಂದ ಕ್ಯಾರಿಯರಿಗೆ ಬಿಗಿದದ್ದಾಯಿತು. ಹಾಲಿನ ಕ್ಯಾನಿನಲ್ಲಿ ಚಟ್ನಿ ತುಂಬಿ ಹ್ಯಾಂಡಲಿಗೆ ತೂಗುಹಾಕಿದೆ. ಮೈಗಂಟುವ ಬಟ್ಟೆ ನನ್ನ ಘನತೆಗೆ ತಕ್ಕುದಲ್ಲವಾದ್ದರಿಂದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿ, ಬಿಳಿಯ ಅರೆತೋಳಿನ ಅಂಗಿ ತೊಟ್ಟು, ಬಿಸಿಲಿಗೆಂದು ತಲೆಗೊಂದು ಟವೆಲ್ ಸುತ್ತಿದೆ. ಶೆಟ್ಟರ ಟೆಂಪೋ ನನ್ನನ್ನು ಮಾರ್ವೆಯ ದಡದಲ್ಲಿ ಇಳಿಸಿ, ಅಲ್ಲೇ ಕಾಯುತ್ತೇನೆಂದು ನಿಂತಿತು.

ದೇಸಾಯರೂ ಅವರ ಇಬ್ಬರು ಗೆಳೆಯರೂ ಸಿದ್ಧರಾಗಿದ್ದರು. ಮೂರು ಕಲ್ಲಂಗಡಿಗಳು! ಅವರು ನನ್ನ ಸೈಕಲ್ಲನ್ನು ಒಂದು ಸುತ್ತು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇದರ ಮ್ಯಾಲೆ ಬರ್ತೀರೇನ್ರಿ?"

"ಇದೇ ಸೈಕಲ್ಲು. ನಿಮ್ಮದು ಆಟದ ಸಾಮಾನು" ಎಂದು ನಕ್ಕೆ. ಅವರು ನಗಲಿಲ್ಲ. ಅವರವರ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಬೋಟಿಗೆ ಹಾಕಿದರು. ನನ್ನದನ್ನು ಹತ್ತಿಸಲು ಬೋಟಿನ ಮೂವರು ಆಳುಗಳು ಬೇಕಾದರು. ಅವರಲ್ಲೊಬ್ಬ ಮರಾಠಿಯಲ್ಲಿ ನನ್ನ ವಂಶದ ಬಗ್ಗೆ ಒಂದು ಮಾತು ಹೇಳಿದ. ಅರ್ಥವಾಯಿತು, ಆಗದವನಂತೆ ಸಮುದ್ರ ನೋಡಿದೆ.

ಆಚೆ ದಡದಲ್ಲಿ ಇಳಿದದ್ದೇ ತಡ, ಮೂವರೂ ಬಾಣದಂತೆ ಹೊರಟರು. "ಗೊರಾಯಿ ಚರ್ಚಿನ ಹಂತ್ಯಾಕ ಕೂಡೂಣ್ರಿ, ಅಲ್ಲೇ ನಾಷ್ಟಾ!" ಎಂಬ ಕೂಗು ಕೇಳಿತು. ಐದು ನಿಮಿಷದಲ್ಲಿ ಅವರೂ ಇಲ್ಲ, ಅವರ ಧೂಳೂ ಇಲ್ಲ.

ನಾನು ತುಳಿದೆ. ಹಿಂದಿನಿಂದ ಅರವತ್ತು ಇಡ್ಲಿಗಳು ನನ್ನನ್ನು ಮಾರ್ವೆಯ ಕಡೆಗೇ ಎಳೆಯುತ್ತಿದ್ದವು. ಮುಂದೆ ಚಟ್ನಿಯ ಕ್ಯಾನು ತೂಗಾಡುತ್ತ ನಾನು ಎಡಕ್ಕೆ ಹೋಗಬೇಕೆಂದರೆ ಬಲಕ್ಕೆ ಒಯ್ಯುತ್ತಿತ್ತು. ಕಾಲುಗಳಲ್ಲಿ ಭದ್ರವಾಗಿದೆಯೆಂದುಕೊಂಡಿದ್ದ ವಿದ್ಯೆಯ ಸುಳಿವೇ ಇಲ್ಲ! ಮೊದಲ ಏರಿನಲ್ಲಿ ಇಳಿದು ತಳ್ಳಿದೆ. ಇಳಿಜಾರಿನಲ್ಲಿ ಹತ್ತಿ ಕುಳಿತೆ. ಬ್ರೇಕು ಒತ್ತಿದೆ. ಬ್ರೇಕು ಒತ್ತಿಸಿಕೊಂಡಿತು, ಸೈಕಲ್ಲು ನಿಲ್ಲಲಿಲ್ಲ. ರಸ್ತೆಯ ಪಕ್ಕದಲ್ಲಿ ಮೀನು ಒಣಹಾಕಿದ್ದ ಬಿದಿರಿನ ತಡಿಕೆಗೆ ಹೋಗಿ ಅಪ್ಪಳಿಸಿ ಬಿದ್ದೆ. ಹೊರಗೆ ಬಂದ ಮುದುಕಿ ಮೀನುಗಳನ್ನು ಒಂದೊಂದಾಗಿ ನೋಡಿದಳು, ನನ್ನನ್ನು ನೋಡಲೇ ಇಲ್ಲ. ಮೊಣಕೈ ತರಚಿತ್ತು, ಚೈನು ತುಂಡಾಗಿತ್ತು, ಮೈಯೆಲ್ಲ ಬೊಂಬಿಲ್ ಮೀನಿನ ವಾಸನೆ. ಪಾತ್ರೆಗೂ ಚಟ್ನಿಯ ಕ್ಯಾನಿಗೂ ಮಾತ್ರ ಏನೂ ಆಗಿರಲಿಲ್ಲ. ಬೀಗರ ಇಡ್ಲಿ ಕ್ಷೇಮ! ಪಲ್ಲವಿಯ ಮುಖ ನೆನೆದು ಸೈಕಲ್ಲನ್ನು ತಳ್ಳುತ್ತ ಮುಂದೆ ನಡೆದೆ.

ಒಂದು ತಿರುವಿನಲ್ಲಿ ನಾಯಿಯೊಂದು ರಸ್ತೆಗಡ್ಡ ಮಲಗಿತ್ತು. ಹಾರ್ನ್ ಹಿಸುಕಿದೆ. ಪೋಂ! ಏಳಲಿಲ್ಲ. ಪೋಂ, ಪೋಂ! ನಾಯಿ ಒಂದು ಕಿವಿ ಎತ್ತಿತಷ್ಟೆ. ಆದರೆ ಪಕ್ಕದ ಬಂಗಲೆಯ ಗೇಟು ತೆರೆಯಿತು. ವಾರಾಂತ್ಯಕ್ಕೆಂದು ಬಂದಿದ್ದ ಹತ್ತು ಹನ್ನೆರಡು ಜನ ತಟ್ಟೆ ಹಿಡಿದುಕೊಂಡು ಹೊರಗೆ ಓಡಿ ಬಂದರು.

"ಅಣ್ಣಾ! ಅಣ್ಣಾ! ರುಕೋ!"

ಮುಂಬಯಿಯಲ್ಲಿ ಬೆಳಿಗ್ಗೆ ಸೈಕಲ್ಲಿಗೆ ಪಾತ್ರೆ ಕಟ್ಟಿಕೊಂಡು, ಪೋಂ ಪೋಂ ಎನ್ನಿಸುತ್ತ ಬಿಲ್ಡಿಂಗು ಬಿಲ್ಡಿಂಗಿಗೂ ಬರುವ ಇಡ್ಲಿ ಮಾರುವವರನ್ನು ಊರೆಲ್ಲ ಹೀಗೇ ಕರೆಯುತ್ತದೆ. ಮಡಿಸಿದ ಪ್ಯಾಂಟು, ತಲೆಗೆ ಟವೆಲ್ಲು, ಅಲ್ಯೂಮಿನಿಯಂ ಪಾತ್ರೆ. ಆ ಕ್ಷಣ ನನ್ನನ್ನು ನಾನೇ ಗೇಟಿನಿಂದ ನೋಡಿದ್ದರೂ ಎರಡು ಪ್ಲೇಟ್ ಕೇಳುತ್ತಿದ್ದೆ.

ನಾನು ಘನತೆಯಿಂದ ಇಂಗ್ಲಿಷಿನಲ್ಲಿ ಹೇಳಿದೆ, "ಮೇಡಂ, ಐ ಯಾಮ್ ಎ ಡೆಪ್ಯುಟಿ ಮ್ಯಾನೇಜರ್."

"ವಾಹ್! ಅಣ್ಣಾ ಇಂಗ್ಲಿಷ್ ಭೀ ಬೋಲ್ತಾ ಹೈ!" ಎಂದು ಅವರೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಒಬ್ಬಾಕೆ ಮುಚ್ಚಳ ತೆಗೆದು ಒಂದು ಇಡ್ಲಿ ಬಾಯಿಗೆ ಹಾಕಿಕೊಂಡೇ ಬಿಟ್ಟಿದ್ದಳು. ಕಣ್ಣು ಮುಚ್ಚಿದಳು. "ಕಿತ್‌ನಾ ಸಾಫ್ಟ್ ಹೈ! ಐಸಾ ತೋ ಮಾಟುಂಗಾ ಮೇ ಭೀ ನಹೀ ಮಿಲ್ತಾ!"

ಇಲ್ಲಿ ನಾನು ತಪ್ಪಿದೆ. ಮೂವತ್ತೈದು ವರ್ಷದ ನೌಕರಿಯಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿಲ್ಲ. ಊರಿನವರನ್ನೆಲ್ಲ ತಾತ್ಸಾರದಿಂದ ನೋಡುವ ಈ ಮಹಾಶಯ ಒಂದು ಹೊಗಳಿಕೆಗೆ ಬೆಣ್ಣೆಯಂತೆ ಕರಗಿ ಹೋದ! ಇವರಿಗೆ ಒಂದೊಂದು ಕೊಟ್ಟರೆ ಏನು ಹೋಯಿತು, ಅರವತ್ತಿವೆಯಲ್ಲ ಎಂದುಕೊಂಡೆ. "ಚಟ್ನಿ ಹಾಕಿಕೊಳ್ಳಿ, ಮನೆಯದು" ಎಂದೆ. ಪಕ್ಕದ ಬಂಗಲೆಯವರೂ ಬಂದರು. ಒಬ್ಬ ಅಜ್ಜ ಸಾಂಬಾರ್ ಇಲ್ಲವೆಂದು ಗದರಿದ, ನಾನು ಕ್ಷಮೆ ಕೇಳಿದೆ. ನೂಕುನುಗ್ಗಲಾದಾಗ "ಲೈನ್ ಸೇ, ಲೈನ್ ಸೇ!" ಎಂದು ಕೂಗಿದ್ದೂ ನಾನೇ.

ಸಾಲಿನ ಕೊನೆಯಲ್ಲಿ ಒಂದು ಕಲ್ಲಂಗಡಿ ಕಾಣಿಸಿತು. ದೇಸಾಯರು!

ಚರ್ಚಿನ ಬಳಿ ಮುಕ್ಕಾಲು ಗಂಟೆ ಕಾದು, ಹಸಿವು ತಡೆಯಲಾರದೆ, ನನಗೇನಾಯಿತೋ ಎಂದು ಗಾಬರಿಯಾಗಿ, ಮೂವರೂ ಹಿಂದಿರುಗಿ ಬಂದಿದ್ದರು. ನನ್ನ ಬಳಿಗೆ ನೇರವಾಗಿ ಬರಲು ಹೆಜ್ಜೆ ಇಟ್ಟಾಗ ಸಾಲಿನಲ್ಲಿದ್ದ ಹೆಂಗಸೊಬ್ಬಳು "ಅಂಕಲ್, ಪೀಛೇ ಜಾಯಿಯೇ" ಎಂದು ತಡೆದಿದ್ದಳು. ನನ್ನ ಮಗಳ ಮಾವನಾಗಬೇಕಾದವರು, ನಮ್ಮ ಮನೆಯ ತಿಂಡಿಗೆ, ನನ್ನ ಎದುರಿಗೇ ಸಾಲಿನಲ್ಲಿ ನಿಂತಿದ್ದರು.

ಗಾಬರಿಯಿಂದ ಪಾತ್ರೆಯೊಳಗೆ ಕೈ ಹಾಕಿದೆ. ತಳ ಸಿಕ್ಕಿತು. ಅಲ್ಲಿ ಹಾಸಿದ್ದ ಒದ್ದೆಬಟ್ಟೆ, ಅದಕ್ಕಂಟಿದ ಅರ್ಧ ಇಡ್ಲಿ.

"ಅಣ್ಣಾ, ಸ್ಕ್ಯಾನರ್ ಕಿಧರ್ ಹೈ?" ಎಂದು ಯಾರೋ ದುಡ್ಡು ಕೊಡಲು ಫೋನು ಚಾಚಿದರು. ಬುದ್ಧಿ ಎಲ್ಲೋ ಇತ್ತು, ನಾಲಗೆ ತಾನಾಗಿ ನುಡಿಯಿತು: "ಕಲ್ ದೇ ದೇನಾ."

ದೇಸಾಯರು ಅರ್ಧ ಇಡ್ಲಿಯನ್ನು ನೋಡಿದರು. "ನಾಳೆನೂ ಬರ್ತೀರೇನ್ರಿ ರಾಯರ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

ದ್ವೀಪದ ಪ್ರದಕ್ಷಿಣೆ ಅಲ್ಲಿಗೇ ಮುಗಿಯಿತು. ಗೆಳೆಯರಿಬ್ಬರನ್ನು ಮುಂದೆ ಕಳಿಸಿ, ದೇಸಾಯರು ಹಸಿದ ಹೊಟ್ಟೆಯಲ್ಲಿ ನನ್ನ ಜೊತೆ ಜೆಟ್ಟಿಯವರೆಗೆ ನಡೆದರು. ಅವರ ಸೈಕಲ್ಲು ಅವರ ಎಡಗೈಯಲ್ಲಿ, ನನ್ನ ಸೈಕಲ್ಲಿನ ಕ್ಯಾರಿಯರು ಅವರ ಬಲಗೈಯಲ್ಲಿ. ನಡುದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ.

"ದೇಸಾಯರೇ, ನಾನು ಸೈಕಲ್ ತುಳಿದು ಮೂವತ್ತೈದು ವರ್ಷ ಆಯ್ತು. ಸುಳ್ಳು ಹೇಳಿದೆ. ಪಲ್ಲವಿಗೂ ಇದಕ್ಕೂ ಸಂಬಂಧ ಇಲ್ಲ. ಅವಳು ಬೇಡ ಅಂತಲೇ ಹೇಳಿದ್ದಳು."

"ಗೊತ್ತೈತ್ರಿ. ಹ್ಯಾಂಡಲ್ ಹಿಡದ ರೀತಿ ನೋಡೇ ಗೊತ್ತಾತು" ಎಂದರು. ಮುಂದೆ ಜೆಟ್ಟಿಯಲ್ಲಿ ಎರಡು ಬಾಳೆಹಣ್ಣು ಕೊಂಡರು. ಒಂದು ನನಗೆ ಕೊಟ್ಟರು.

ಮನೆಯಲ್ಲಿ ಖಾಲಿ ಪಾತ್ರೆ ನೋಡಿ ಸುಮಿತ್ರ ಹಿಗ್ಗಿದಳು. "ಎಲ್ಲಾ ತಿಂದರಾ? ಚೆನ್ನಾಗಿತ್ತಂತಾ?" ನಡೆದದ್ದನ್ನು ಹೇಳಿದೆ. ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಲ್ಲವಿ ನನ್ನನ್ನು ಬಯ್ಯಲೂ ಇಲ್ಲ. "ಇಟ್ಸ್ ಓಕೆ ಅಪ್ಪ" ಎಂದು ತನ್ನ ರೂಮಿಗೆ ಹೋದಳು. ಮೂರು ದಿನ ಚೆಂಬೂರಿನಿಂದ ಫೋನಿಲ್ಲ. ನಾನು ಎರಡು ಸಲ ಕ್ಷಮಾಪಣೆ ಪತ್ರ ಬರೆದು ಹರಿದೆ.

ನಾಲ್ಕನೆಯ ದಿನ ದೇಸಾಯರ ಹೆಂಡತಿ ಫೋನ್ ಮಾಡಿದರು. ಸುಮಿತ್ರ ಸ್ಪೀಕರ್ ಒತ್ತಿದಳು. ಪಲ್ಲವಿ ಗೋಡೆಗೆ ಒರಗಿ ನಿಂತಳು.

"ನಮ್ಮ ಕಡಿಂದ ಒಪ್ಪಿಗಿ ಐತ್ರಿ ವೈನಿ! ನಿಶ್ಚಯದ ದಿನ ನೋಡ್ರಿ."

ಪಲ್ಲವಿ ಅಮ್ಮನನ್ನು ಅಪ್ಪಿಕೊಂಡಳು. ನನ್ನ ಕಣ್ಣೂ ಮಂಜಾಯಿತು. ನನ್ನ ನೇರ ನುಡಿ, ನಡುದಾರಿಯಲ್ಲಿ ಸತ್ಯ ಒಪ್ಪಿಕೊಂಡ ನನ್ನ ದೊಡ್ಡತನ ಅವರ ಮನಸ್ಸನ್ನು ಗೆದ್ದಿರಬೇಕು! ಎದೆಯುಬ್ಬಿಸಿ, ಫೋನಿನ ಹತ್ತಿರ ಬಾಗಿ ಕೇಳಿದೆ:

"ದೇಸಾಯರು ನನ್ನ ಬಗ್ಗೆ ಏನಾದರೂ ಹೇಳಿದರೇ?"

"ಹೇಳಿದ್ರಲ್ರಿ, ಅದರ ಮ್ಯಾಲೇ ತೀರ್ಮಾನ ಆತು! ಹುಡುಗಿ ನಮ್ಮ ಮನಿಗೆ ಹೊಂದ್ಕೋತಾಳೋ ಇಲ್ಲೋ ಅಂತ ನಮಗೊಂದು ಚಿಂತಿ ಇತ್ರಿ. ಐತ್ವಾರ ಇವರು ಮನಿಗೆ ಬಂದ ಕೂಡ್ಲೆ ಅಂದ್ರು, 'ಇಂಥಾ ಅಪ್ಪನ್ನ ಇಪ್ಪತ್ತೇಳು ವರ್ಷ ಸಂಭಾಳಿಸ್ಯಾಳ ಅಂದ್ರ, ಆ ಹುಡುಗಿ ಎಲ್ಲಿ ಇಟ್ರೂ ಬಾಳೇವು ಮಾಡ್ತಾಳ!'"

ಸುಮಿತ್ರ ನಕ್ಕಳು. ಪಲ್ಲವಿ ನಕ್ಕಳು. ಫೋನಿನ ಆಚೆ ದೇಸಾಯರು ನಗುವುದೂ ಕೇಳಿಸಿತು. ಹೊಟ್ಟೆ ಬಟ್ಟೆ ಕಟ್ಟಿ ಮಗಳಿಗೆ ಎಂ.ಬಿ.ಎ. ಓದಿಸಿದೆ, ಸಂಗೀತ ಕಲಿಸಿದೆ. ಎಲ್ಲ ದಂಡ! ಅವಳಿಗಿದ್ದ ಒಂದೇ ಒಂದು ನಿಜವಾದ ಯೋಗ್ಯತಾಪತ್ರ ನಾನು.