ಎರಡು ಗಳಿಗೆಯ ಬೆಣ್ಣೆ

ತಾತ್ಯಾಸಾಹೇಬರು ಆವತ್ತು ಬಸದಿಯಲ್ಲಿ ಒಂದು ನಿಟ್ಟುಸಿರು ಬಿಡದೆ ಇದ್ದಿದ್ದರೆ ಧನಪಾಲನಿಗೆ ಇಷ್ಟೆಲ್ಲ ಪೇಚಾಟ ಬರುತ್ತಲೇ ಇರಲಿಲ್ಲ.

ಸಮಡೋಳಿಯ ತಾತ್ಯಾಸಾಹೇಬರೆಂದರೆ ಕಬ್ಬು, ಅರಿಸಿನ ಎರಡನ್ನೂ ಬೆಳೆಯುವ ದೊಡ್ಡ ಕುಳ. ಶ್ರವಣಬೆಳಗೊಳದ ಯಾತ್ರೆ ಮುಗಿಸಿ ಬಂದವರು ಸಾಂಗಲಿಯ ಬಸದಿಯ ಕಟ್ಟೆಯ ಮೇಲೆ ಕೂತು ದಾರಿಯ ಸಂಗತಿ ಹೇಳುತ್ತಿದ್ದರು. ಗೊಮ್ಮಟನ ವರ್ಣನೆ ಮುಗಿದ ಮೇಲೆ ಅವರ ದನಿ ಮೆತ್ತಗಾಯಿತು.

"ಮೈಸೂರ ಸೀಮ್ಯಾಗ ಕಾಫಿ ಕುಡದೆ ನೋಡ್ರಿ. ಬಿಸಿಬಿಸಿ ಕಾಫಿ, ಮ್ಯಾಲೆ ಆಗಷ್ಟ ಕಡದ ತಗದ ಬೆಣ್ಣಿ. ಕರಗಿ ಬಂಗಾರದ ಹನಿ ಆಗಿ ತೇಲತದ. ಏನ ಘಮಾ! ಏನ ರುಚಿ!" ಎಂದು ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟರು.

ಉಳಿದವರು ನಕ್ಕು ಎದ್ದುಹೋದರು. ಧನಪಾಲ ಮಾತ್ರ ಆ ನಿಟ್ಟುಸಿರನ್ನು ಜೋಪಾನವಾಗಿ ಮನೆಗೆ ಹೊತ್ತು ತಂದ. ಯಾಕೆಂದರೆ ಗಣಪತಿ ಪೇಠೆಯಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಅವನ ಮನೆಗೆ, ಮಗಳು ಶಾಲನಳನ್ನು ನೋಡಲು, ಬರುವ ಐತವಾರ ಅದೇ ತಾತ್ಯಾಸಾಹೇಬರು ಬರುವವರಿದ್ದರು. ಹಿಂದೆ ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆವದಿಂದ ಮುರಿದಿದ್ದವು. ಈ ಸಲದ ಹುಡುಗ, ತಾತ್ಯಾಸಾಹೇಬರ ಮಗ ಮಹಾವೀರ, ಬಸದಿಯಲ್ಲೇ ಶಾಲನಳನ್ನು ನೋಡಿ ಒಪ್ಪಿಯಾಗಿತ್ತು. ಶಾಲನಳಂತೂ ಅವನ ಹೆಸರು ಕಿವಿಗೆ ಬಿದ್ದರೆ ಸಾಕು, ಅಕ್ಕಿಯಲ್ಲಿ ಕಲ್ಲು ಬಿಟ್ಟು ಅಕ್ಕಿಯನ್ನೇ ಆರಿಸಿ ಚೆಲ್ಲುತ್ತಿದ್ದಳು. ಹುಡುಗನ ತಂದೆ ಹೂಂ ಅನ್ನುವುದೊಂದೇ ಬಾಕಿ. ತಾಯಿಯ ಬೈಗುಳಕ್ಕೂ ನಗುವ ಈ ಮಗಳು ಮನಸ್ಸಿಗೆ ಬಂದ ಮನೆ ಸೇರಲಿ ಎಂದು ಧನಪಾಲನ ಜೀವ ತಳಮಳಿಸುತ್ತಿತ್ತು.

"ಅವರಿಗೆ ಬೆಣ್ಣಿ ಕಾಫಿನ ಕೊಡೂದು," ಎಂದು ಅವನು ಹೆಂಡತಿಗೆ ಸಾರಿದ.

ಇಂದ್ರವ್ವ ಹಣೆ ಚಚ್ಚಿಕೊಂಡಳು. "ತಲಿ ನೆಟ್ಟಗ ಅದ ಇಲ್ಲರಿ ನಿಮಗ? ತುಪ್ಪ ಅಲ್ಲ, ಬೆಣ್ಣಿ? ನಮ್ಮ ಮನ್ಯಾಗ?"

ಅವಳ ಸಿಟ್ಟಿಗೆ ಕಾರಣವಿತ್ತು. ಜೈನರ ಮನೆಯಲ್ಲಿ ತುಪ್ಪಕ್ಕೆ ಅಡ್ಡಿಯಿಲ್ಲ, ಬೆಣ್ಣೆಗೆ ಕಟ್ಟುನಿಟ್ಟು. ಮಜ್ಜಿಗೆಯಿಂದ ತೆಗೆದ ಬೆಣ್ಣೆಯನ್ನು ಎರಡು ಗಳಿಗೆಯೊಳಗೆ, ಅಂದರೆ ಮುಕ್ಕಾಲು ಗಂಟೆ ಕಳೆಯುವುದರೊಳಗೆ, ಕಾಸಿಬಿಡಬೇಕು. ಅದರಾಚೆಗೆ ಅದರಲ್ಲಿ ಸೂಕ್ಷ್ಮ ಜೀವಿಗಳು ಹುಟ್ಟುತ್ತವೆ, ಬಾಯಿಗೆ ಇಡುವ ಹಾಗಿಲ್ಲ.

"ಅವರ ಬಂಡಿ ಕಂಡ ಮ್ಯಾಲ ಕಡದ್ರ ಆತಲ್ಲ," ಎಂದ ಧನಪಾಲ. ಅಷ್ಟು ಸುಲಭದ ಉಪಾಯ ತನಗೆ ಹೊಳೆದದ್ದಕ್ಕೆ ಅವನಿಗೇ ಹೆಮ್ಮೆಯಾಯಿತು.

ಇನ್ನು ಕಾಫಿ. ಚಹಾದ ಊರಾದ ಸಾಂಗಲಿಯಲ್ಲಿ ಕಾಫಿ ಬಲ್ಲವರು ಯಾರು? ಹಲವು ಸಂಸಾರಗಳು ಒಟ್ಟಿಗಿದ್ದ ಅವರ ವಾಡೆಯ ಅಟ್ಟದ ಮೇಲಿದ್ದ ಬಾಳಪ್ಪ ಮುಂದೆ ಬಂದ. ಅವನು ಮಿರಜ ಜಂಕ್ಷನ್ನಿನಲ್ಲಿ ಟಿಕೀಟು ಕೊಡುವವ. ಬೆಂಗಳೂರು ಗಾಡಿ ದಿನಾ ತನ್ನೆದುರು ನಿಲ್ಲುವುದರಿಂದ ಆ ಕಡೆಯ ಸಕಲ ವಿದ್ಯೆಯೂ ತನಗೆ ಬರುತ್ತದೆಂದು ಅವನ ನಂಬಿಕೆ. ಗಾರ್ಡನೊಬ್ಬನ ಕೈಯಿಂದ ಕಾಫಿ ಪುಡಿ ತರಿಸಿ ಐತವಾರ ಮುಂಜಾನೆಯೇ ಅಡುಗೆಮನೆಯ ಬಾಗಿಲಲ್ಲಿ ಕೂತ.

"ಚಹಾದಂಗ ಕುದಸೂದ ಕಾಕಾ. ಶುಂಠಿ ಜಜ್ಜಿ ಒಗೀರಿ."

"ಶುಂಠಿ ಹಾಕಿದ್ರ ಬಾಣಂತಿ ಕಷಾಯ ಆಗತದ!" ಎಂದು ಎದುರು ಮನೆಯ ಗುರುಶಾಂತವ್ವ ಓಡಿ ಬಂದಳು. ಬೆಲ್ಲದ ವ್ಯಾಪಾರಿಯ ಹೆಂಡತಿಯಾದ ಅವಳು ಬೆಲ್ಲ ಒಂದು ಸೇರಿದರೆ ಯಾವುದೂ ಕೆಡುವುದಿಲ್ಲ ಎನ್ನುವವಳು. ಇಬ್ಬರ ಜಗಳದ ನಡುವೆ ಪುಡಿ ನೀರಲ್ಲಿ ಕುದಿದು ಕೆಸರಾಯಿತು. ಸೋಸಲು ಅವಸರದಲ್ಲಿ ಧನಪಾಲನ ಕೈಗೆ ಸಿಕ್ಕಿದ್ದು ಇಂದ್ರವ್ವ ಕುಡಿಯುವ ನೀರು ಸೋಸುವ ಬಿಳಿ ಅರಿವೆ. ಅದರ ಬಣ್ಣ ನೋಡಿ ಅವಳು ಗಂಡನ ಸಂಗಡ ಮಾತು ಬಿಟ್ಟಳು.

ಮಧ್ಯಾಹ್ನ ಬಾಳಪ್ಪ ಮಾಳಿಗೆ ಹತ್ತಿ ಕಾವಲು ನಿಂತ. ಸ್ವಲ್ಪ ಹೊತ್ತಿಗೇ ಕೂಗಿದ. "ಕಾಕಾ, ಬಂತು! ದೊಡ್ಡ ಎತ್ತಿನ ಬಂಡಿ!"

ತಾಯಿ ಮಗಳು ಕಡಗೋಲು ಹಿಡಿದರು. ಬೆಣ್ಣೆ ತೇಲಿತು, ಕಾಫಿ ಕುದಿಯಿತು, ಧನಪಾಲ ತಲೆಯ ಪಟಗಾ ಸರಿಮಾಡಿಕೊಂಡು ಬಾಗಿಲಿಗೆ ಓಡಿದ. ಮಿರಜಿನ ತಂಬೂರಿ ಮಾಡುವವರಿಗೆ ಸೋರೆ ಬುರುಡೆ ಹೇರಿಕೊಂಡು ಹೊರಟಿದ್ದ ಬಂಡಿ ನಿಧಾನಕ್ಕೆ ಮುಂದೆ ಹೋಯಿತು.

ಕಾದರು. ಗಳಿಗೆ ಮೀರುತ್ತ ಬಂತು. "ಚೆಲ್ಲೂದು ಪಾಪ," ಎಂದು ಧನಪಾಲ ಒಂದಿಷ್ಟು ಬೆಣ್ಣೆ ಹಾಕಿದ ಕಾಫಿಯನ್ನು ತಾನೇ ಬಾಯಿಗೆ ಹಿಡಿದ. ಮೊದಲು ಕಹಿ, ಮೂಗು ಮುರಿದ. ಅಷ್ಟರಲ್ಲಿ ಬೆಣ್ಣೆ ನಾಲಿಗೆಯ ಮೇಲೆ ಜಾರಿ, ಕಹಿಯನ್ನೆಲ್ಲ ಸವರಿಕೊಂಡು ಗಂಟಲಿಗೆ ಇಳಿಯಿತು. ತುಟಿಗೆ ಜಿಡ್ಡು, ಎದೆಗೆ ಬೆಚ್ಚಗೆ. ಧನಪಾಲ ಲೋಟ ಬಗ್ಗಿಸಿ ತಳದ ಹನಿಯನ್ನೂ ಬಾಯಿಗೆ ಬಿಟ್ಟುಕೊಂಡ.

"ಹೆಂಗದರಿ?" ಎಂದಳು ಗುರುಶಾಂತವ್ವ.

"ಇನ್ನೊಮ್ಮಿ ಕಡದ ನೋಡಬೇಕವ್ವಾ," ಎಂದ.

ಮನೆಯ ಮೊಸರು ಮುಗಿದಿತ್ತು. ಗುರುಶಾಂತವ್ವ ತನ್ನ ಗಡಿಗೆ ತಂದಳು. ಬಾಗಿಲಿಗೆ ಟಾಂಗಾ ಬಂದು ನಿಂತಾಗ ಮತ್ತೆ ಕಡೆದರು. ಇಳಿದವನು, ತಗೊಂಡ ಧೋತರದ ಅಂಚು ಸರಿಯಿಲ್ಲ, ಬದಲಿಸಿ ಕೊಡಿ ಎನ್ನಲು ಬಂದ ಗಿರಾಕಿ. ಆ ಕಾಫಿಯೂ ಧನಪಾಲನ ಪಾಲಾಯಿತು. ಈ ಸಲ ಅವನು ಪಾಪದ ಮಾತೆತ್ತಲಿಲ್ಲ. ಗಳಿಗೆ ಮೀರುವ ತನಕವೂ ಕಾಯಲಿಲ್ಲ.

ಹೊತ್ತು ಇಳಿಯತೊಡಗಿತು. ಈಗ ಇನ್ನೊಂದು ದಿಗಿಲು. ಜೈನ ನೇಮದಂತೆ ಹೊತ್ತು ಮುಳುಗಿದರೆ ತಾತ್ಯಾಸಾಹೇಬರು ಹನಿ ನೀರನ್ನೂ ಮುಟ್ಟುವವರಲ್ಲ. ಅಭ್ಯಾಸವಿಲ್ಲದ ಕಾಫಿಗೆ ಧನಪಾಲನ ಎದೆ ಡವಗುಟ್ಟುತ್ತಿತ್ತು. ಅಂಗಳದಲ್ಲಿ ಶತಪಥ ತಿರುಗುತ್ತ, ಒಂದು ಧೋತರ ಬದಲಿಸಲು ಬಂದ ಗಿರಾಕಿಗೆ ಎರಡು ಕೊಟ್ಟು ಕಳಿಸಿದ. ವಾಡೆಯ ಮನೆಮನೆಯಿಂದ ಮೊಸರು ಬಂತು. ಕಡೆದು ಕಡೆದು ಶಾಲನಳ ಅಂಗೈ ಕೆಂಪಾಗಿತ್ತು.

"ಸಾಕ ಬಿಡ್ರಿ ಅಪ್ಪಾ. ಚಹಾನ ಕೊಡೂಣು," ಎಂದಳು ಅವಳು, ಕಣ್ಣಲ್ಲಿ ನೀರು ತಂದುಕೊಂಡು. "ಅವರು ಬರೂದಿಲ್ಲ ಕಾಣಸ್ತದ."

"ಬರತಾರವ್ವಾ. ಬರತಾರ," ಎಂದು ಧನಪಾಲ ಕಡಗೋಲಿನ ಹಗ್ಗ ತಾನೇ ಹಿಡಿದ.

ಅವನು ಕಡೆಯುತ್ತಿದ್ದಾಗಲೇ ಬಾಗಿಲಲ್ಲಿ ದನಿ ಕೇಳಿತು. "ಹೊಳಿ ಪೂಲಿನ ಮ್ಯಾಲ ಬಂಡಿ ಕೀಲ ಮುರೀತ್ರಿ. ನಡಕೋತನ ಬಂದೇನಿ."

ಬೆವರು ಒರೆಸಿಕೊಳ್ಳುತ್ತ ತಾತ್ಯಾಸಾಹೇಬರು ನಿಂತಿದ್ದರು. ಧನಪಾಲ ಕೈಯ ಮಜ್ಜಿಗೆಯನ್ನು ಧೋತರಕ್ಕೆ ಒರೆಸಿ "ಬರ್ರಿ, ಕುಂದರ್ರಿ," ಎಂದು ಗಾದಿ ತೋರಿಸಿದ. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ತಲೆಯ ಮೇಲೆ ಸೆರಗು ಹೊದ್ದು ಶಾಲನ ಬಟ್ಟಲಲ್ಲಿ ಕಾಫಿ ತಂದಿಟ್ಟಳು. ನಡುವೆ ಬೆಣ್ಣೆಯ ಉಂಡೆ ಮೆಲ್ಲಗೆ ಕರಗುತ್ತ ತಿರುಗುತ್ತಿತ್ತು.

ತಾತ್ಯಾಸಾಹೇಬರು ಬಟ್ಟಲನ್ನು ಮೂಗಿನ ತನಕ ಎತ್ತಿದರು. ಕಣ್ಣು ಮುಚ್ಚಿದರು. ಬಾಗಿಲ ಹಿಂದೆ ಇಡೀ ವಾಡೆ ಉಸಿರು ಹಿಡಿಯಿತು. ಅವರು ಕಣ್ಣು ತೆರೆದಾಗ ಅಲ್ಲಿ ನೀರಿತ್ತು. ಬಟ್ಟಲನ್ನು ಹಾಗೇ ಕೆಳಗಿಟ್ಟರು.

"ಧನಪಾಲ, ಏನ ಮಾಡಿದ್ರಿ ಇದು," ಎಂದರು. "ಯಾತ್ರಾಕ್ಕ ಹೋದವರು ಪ್ರೀತಿದೊಂದು ಪದಾರ್ಥ ಬಿಟ್ಟ ಬರಬೇಕು ಅಂತಾರಲ್ರಿ. ಮಂದಿ ಹಾಗಲಕಾಯಿ ಬಿಟ್ಟ ಬರತಾರ. ನಾ ಸ್ವಾಮಿ ಪಾದದ ಮುಂದ ಇದನ್ನ ಬಿಟ್ಟ ಬಂದೇನಿ. ಸಾಯೂತನಾ."

ಧನಪಾಲನಿಗೆ ಕೂತ ಗಾದಿ ಸರಿದಂತಾಯಿತು. ಹಾಳು ನಿಟ್ಟುಸಿರು! ಆಸೆಯದು ಅಂದುಕೊಂಡಿದ್ದು ತ್ಯಾಗದ್ದಾಗಿತ್ತು. "ತಪ್ಪಾತ್ರಿ, ತಾತ್ಯಾಸಾಹೇಬ್ರ. ಹುಡಿಗಿದು ಏನೂ ತಪ್ಪಿಲ್ಲರಿ, ಎಲ್ಲಾ ನಂದ," ಎಂದು ತೊದಲಿದ.

"ಇರಲಿ, ಇರಲಿ. ಹೊತ್ತ ಮುಳಗತದ, ಕೆಡಸಬ್ಯಾಡ್ರಿ. ನೀವು ಕುಡೀರಿ."

ಬೀಗರಾಗಬೇಕಾದವರ ಮಾತು ಮೀರುವುದು ಹೇಗೆ? ಧನಪಾಲ ಕುಡಿದ. ಒಂದು ಗುಟುಕಿಗೆ ಭಯ ಹೋಯಿತು, ಎರಡನೆಯದಕ್ಕೆ ಮುಖ ಅರಳಿತು. ಅವನ ಗಂಟಲಿನ ಏರಿಳಿತವನ್ನೇ ನೋಡುತ್ತ ತಾತ್ಯಾಸಾಹೇಬರೂ ಬಾಯಲ್ಲೂರಿದ ನೀರು ನುಂಗಿಕೊಂಡರು.

"ಹುಡಿಗಿ ನನಗ ಪಸಂದ ಅದ," ಎಂದರು ತಟ್ಟನೆ. "ನನ್ನ ಮನಸ್ಸಿನ ಮಾತು ಹಿಡದು ಇಷ್ಟ ಕಷ್ಟಪಟ್ಟ ಮನಿ ಇನ್ನೆಲ್ಲಿ ಸಿಗತದ? ಖರೆ, ಒಂದ ಮಾತು. ನಾಳೆ ಬೀಗರಾದ ಮ್ಯಾಲ ನೀವು ನಮ್ಮಲ್ಲಿಗೆ ಬರತೀರಿ, ನಾ ಇಲ್ಲಿಗೆ ಬರತೇನಿ. ನೀವು ಹಿಂಗ ಕುಡೀತಿರಬೇಕು, ನಾ ಹಿಂಗ ನೋಡಕೋತ ಕುಂದರಬೇಕಂದ್ರ ನನ್ನ ನೇಮ ಉಳಿಯೂದಿಲ್ಲರಿ. ನೀವೂ ಇದನ್ನ ಬಿಡ್ರಿ. ಜೋಡಿಗೆ ಒಬ್ಬರಿದ್ರ ತಡಕೋತೇನಿ."

ಧನಪಾಲ ಬಟ್ಟಲು ನೋಡಿದ. ಈ ರುಚಿಯ ಪರಿಚಯವಾಗಿ ಒಂದು ಹಗಲೂ ಪೂರಾ ಆಗಿರಲಿಲ್ಲ. ಬಾಗಿಲ ಹಿಂದೆ ಮಗಳ ಬಳೆ ಸದ್ದಾಯಿತು.

"ಬಿಟ್ಟೆನ್ರಿ," ಎಂದ.

"ಮತ್ತ ಬಟ್ಟಲಾ ಯಾಕ ಹಿಡಕೊಂಡೀರಿ?"

ತಳದಲ್ಲಿ ಉಳಿದ ಬಂಗಾರದ ಹನಿಗಳ ಸಮೇತ ಬಟ್ಟಲು ಕೆಳಗೆ ಬಂತು. ತಾತ್ಯಾಸಾಹೇಬರು ಒಪ್ಪಿಗೆಯ ಸಕ್ಕರೆ ಬಾಯಿಗೆ ಹಾಕಿಕೊಂಡು, ಎಲೆ ಅಡಿಕೆ ಹಿಡಿದು, ಬಾಳಪ್ಪ ತಂದ ಟಾಂಗಾ ಏರಿದರು.

ಮಗಳ ಸಂಬಂಧ ಗಟ್ಟಿಯಾದ ಸುದ್ದಿ ಹೇಳಲು ಧನಪಾಲ ಅಡುಗೆಮನೆಗೆ ಬಂದ. ಬಿಸಿಲಿನ ಕೊನೆಯ ಪಟ್ಟಿಯಲ್ಲಿ ಇಂದ್ರವ್ವ, ಗುರುಶಾಂತವ್ವ, ಶಾಲನ ಸಾಲಾಗಿ ಕೂತಿದ್ದರು. ಮೂವರ ಕೈಯಲ್ಲೂ ಲೋಟ, ಮೂವರ ತುಟಿಯಲ್ಲೂ ಬೆಣ್ಣೆಯ ಹೊಳಪು. ಮುಂಜಾನೆಯಿಂದ ಮಾತು ಬಿಟ್ಟಿದ್ದ ಇಂದ್ರವ್ವ ಗಂಡನನ್ನು ನೋಡಿ ಮನಸಾರೆ ನಕ್ಕಳು.

"ಎಲ್ಲಾ ಕೇಳಿದೆವ್ರಿ. ಭಾಳ ಚಲೋ ಆತು. ಇದರ ರುಚಿ ಇಂಥಾದ್ದು ಅಂತ ಗೊತ್ತಿದ್ರ ಅರಿವಿ ಸಲುವಾಗಿ ಸಿಟ್ಟ ಆಗತಿರಲಿಲ್ಲ ನೋಡ್ರಿ. ನಾಳಿಂದ ದಿನಾ ಮುಂಜಾನಿ ಕಡದ ಕೂಡಲೆ ಮಾಡೂದು ಅಂತ ಠರಾವ ಮಾಡೇವಿ."

"ಏ, ನಾ ಮಾತ ಕೊಟ್ಟೇನಲ್ಲ!"

"ನೀವು ಕೊಟ್ಟೀರಿ. ನಾವೆಲ್ಲಿ ಕೊಟ್ಟೇವಿ?"

ಧನಪಾಲ ಬಾಗಿಲ ಚೌಕಟ್ಟು ಹಿಡಿದು ನಿಂತ. ಘಮ ಬಂದು ಮೂಗಿಗೆ ಬಡಿಯಿತು. "ಹಂಗಾದ್ರ ನನಗ?" ಎಂದ ಸಣ್ಣ ದನಿಯಲ್ಲಿ.

ಇಂದ್ರವ್ವ ಗೋಡೆಯ ಉದ್ದಕ್ಕೂ ತುಂಬಿ ನಿಂತಿದ್ದ ಗಡಿಗೆಗಳನ್ನು ತೋರಿಸಿದಳು. "ಇಡೀ ವಾಡೇದ ಮಜ್ಜಗಿ ಅದ ಅಲ್ಲರಿ. ಲಗೂನ ಕುಡೀರಿ, ಹೊತ್ತ ಮುಳಗತದ."